ಬೇವಿಗೆ ಬೆಲ್ಲ ಹಾಕಿದ ಅಪರಾಧ

ವಾಕಿಂಗ್ ಮಾಡಿ ಎಂದು ಡಾಕ್ಟರು ಒಂಬತ್ತು ವರ್ಷ ಬಾಯಿ ನೋಯಿಸಿಕೊಂಡರು. ನಾನು ಒಂದು ದಿನವೂ ಮಾಡಲಿಲ್ಲ. ಲಾಕ್‌ಡೌನ್ ಬಂದು, ಮನೆಯಿಂದ ಹೊರಗೆ ಕಾಲಿಡಬೇಡಿ ಎಂದು ಸರ್ಕಾರ ಹೇಳಿತು ನೋಡಿ, ಮರುದಿನ ಬೆಳಿಗ್ಗೆ ಐದೂವರೆಗೇ ಎದ್ದು ಚಪ್ಪಲಿ ಹುಡುಕತೊಡಗಿದೆ. ಮನುಷ್ಯರ ಬುದ್ಧಿಯೇ ಹೀಗೋ, ನನ್ನದು ಮಾತ್ರ ಹೀಗೋ ಗೊತ್ತಿಲ್ಲ. ನನ್ನ ಹೆಂಡತಿ ಸುಮಿತ್ರಳ ಪ್ರಕಾರ ನನ್ನದು ಮಾತ್ರ.

ವಿಮಾ ಕಚೇರಿಯವರು ತುಮಕೂರಿನಿಂದ ಎತ್ತಿ ವಡೋದರಾಕ್ಕೆ ಒಗೆದಾಗಿನಿಂದ ನಾವು ಮಂಜಲ್‌ಪುರದ ಒಂದು ಹೌಸಿಂಗ್ ಸೊಸೈಟಿಯಲ್ಲಿದ್ದೇವೆ. ಕಟ್ಟಡದ ಹಿಂದೆ ಕಾಮನ್ ಪ್ಲಾಟ್ ಎಂಬ ಎಲ್ಲರಿಗೂ ಸೇರಿದ ಬಯಲು. ನವರಾತ್ರಿಗೆ ಅಲ್ಲಿ ಗರ್ಬಾ, ಮದುವೆಗೆ ಶಾಮಿಯಾನ, ಉಳಿದ ದಿನಗಳಲ್ಲಿ ಬರೀ ಕಳೆ. ಅದರ ಗೇಟಿನ ಕೀಲಿ ಸೊಸೈಟಿಯ ಕಾರ್ಯದರ್ಶಿ ಕಾಂತಿಭಾಯಿಯವರ ಜೇಬಿನಲ್ಲಿ. ವಯಸ್ಸು ಎಪ್ಪತ್ತರ ಹತ್ತಿರ. ಹಿಂದಿನ ವರ್ಷವಷ್ಟೇ ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದರು.

ಬೆಳಿಗ್ಗೆ ಆರರಿಂದ ಏಳರವರೆಗೆ ಗೇಟು ತೆಗೆಯುತ್ತೇನೆ, ಮಾಸ್ಕ್ ಹಾಕಿ ದೂರ ದೂರ ಓಡಾಡಬಹುದು ಎಂದು ಅವರು ಅಪ್ಪಣೆ ಕೊಡಿಸಿದರು. ಆದರೆ ಒಂದು ಷರತ್ತು: ಒಳಗೆ ಬಂದವರು ತಮ್ಮ ಲೋಟ ತಂದು, ಕಾಂತಿಭಾಯಿ ಅರೆದು ಜಗ್ಗಿನಲ್ಲಿ ತರುವ ಬೇವಿನ ಹೂವಿನ ರಸವನ್ನು ಒಂದು ಲೋಟ ಕುಡಿಯಬೇಕು. ಚೈತ್ರ ಮಾಸದಲ್ಲಿ ಬರಿಹೊಟ್ಟೆಗೆ ಅದನ್ನು ಕುಡಿದರೆ ವರ್ಷವಿಡೀ ಕಾಯಿಲೆ ಸುಳಿಯುವುದಿಲ್ಲವೆಂದು ಇಲ್ಲಿನವರ ನಂಬಿಕೆ. ಸೋಂಕಿನ ಆ ದಿನಗಳಲ್ಲಿ ಬೇಡವೆನ್ನುವ ಧೈರ್ಯ ಯಾರಿಗಿತ್ತು?

ಬೇವು ನಮಗೇನು ಹೊಸದೇ ಎಂದುಕೊಂಡು ಹೋದೆ. ದೇಶಕ್ಕೆ ಬೀಗ ಬಿದ್ದದ್ದೇ ಯುಗಾದಿಯ ದಿನವಲ್ಲವೇ? ಆದರೆ ನೀವೇ ಯೋಚಿಸಿ, ನಾವು ಬೇವು ತಿನ್ನುವುದೆಂದರೆ ಒಂದು ಹಿಡಿ ಬೆಲ್ಲದಲ್ಲಿ ನಾಲ್ಕು ಹೂವು ಅಡಗಿಸಿಟ್ಟು. ಅಷ್ಟಕ್ಕೇ ನೂರು ವರ್ಷ ಆಯುಸ್ಸು ಬೇಡುವ ಜನ ನಾವು. ಇಲ್ಲಿ ಹಸಿರು ರಸ, ತುಂಬಿದ ಲೋಟ, ಸಿಹಿಯ ಸುಳಿವಿಲ್ಲ. ತೊಗರಿಬೇಳೆಗೂ ಬೆಲ್ಲ ಹಾಕುವ ಊರಿನವರು ಬೇವಿನ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ವೈರಾಗ್ಯ ತಾಳುವುದೇಕೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ನಾಲ್ಕೈದು ಮಂದಿ ಗಂಡಸರು ಬೇವಿನ ಮರದಡಿ ದೂರ ದೂರ ನಿಂತು ಕಣ್ಣು ಮುಚ್ಚಿ ಕುಡಿಯುತ್ತಿದ್ದೆವು. ಹೆಂಡತಿ ಮಾಡಿಕೊಟ್ಟದ್ದನ್ನು ನಲವತ್ತು ವರ್ಷ ಮುಖ ಸಿಂಡರಿಸದೆ ಕುಡಿದಿದ್ದೇನೆ ಎಂದು ಕಾಂತಿಭಾಯಿ ದಿನವೂ ಹೇಳುತ್ತಿದ್ದರು. ಹಾಗೆ ಹೇಳಿ ಮುಖ ಸಿಂಡರಿಸುತ್ತಿದ್ದರು. ಈ ವರ್ಷ ಮರವೇ ಯಾಕೋ ಸರಿಯಿಲ್ಲ ಎಂದು ಅವರ ದೂರು.

ಕಹಿ ನುಂಗಿದ ಮೇಲಿನ ಸುಖವನ್ನು ಮಾತ್ರ ಏನೆಂದು ಹೇಳಲಿ! ಅಡುಗೆಮನೆಯ ಕಿಟಕಿಯಿಂದ ಒಂಬತ್ತು ವರ್ಷ ಹಾಳು ಜಾಗವೆಂದು ನೋಡಿದ ಬಯಲಿನಲ್ಲಿ ಎಕ್ಕ ಹೂಬಿಟ್ಟಿತ್ತು, ತುತ್ತಿಯ ಹಳದಿ ಹೂವಿತ್ತು. ನೆಲಕ್ಕಂಟಿ ಹರಡಿದ ಏನನ್ನೋ ಕಿತ್ತು ಮನೆಗೆ ತಂದರೆ ಸುಮಿತ್ರ, "ಅಯ್ಯೋ, ಇದು ಕೊಮ್ಮೆ ಸೊಪ್ಪು ಕಣ್ರೀ! ನಮ್ಮಮ್ಮ ಹೊಲದ ಬದೀಲಿ ಕಿತ್ಕೊಂಡ್ ಬರೋರು," ಎಂದು ಕಣ್ಣರಳಿಸಿದಳು. ಅಂದು ಮಸ್ಸೊಪ್ಪು, ಮುದ್ದೆ. ಮರುದಿನ ಗೋಣಿಸೊಪ್ಪು ಸಿಕ್ಕಿತು. ತರಕಾರಿ ಗಾಡಿ ಬಾರದ ಆ ದಿನಗಳಲ್ಲಿ ನಾನು ಮನೆಯಲ್ಲಿ ದೊಡ್ಡ ಮನುಷ್ಯನಾದೆ, ಸಸ್ಯಶಾಸ್ತ್ರಜ್ಞನೂ ಆದೆ. ನಾಲ್ಕನೆಯ ದಿನ ದತ್ತೂರಿ ಎಲೆ ತಂದಾಗ ಸುಮಿತ್ರ ಬೈಯಲಿಲ್ಲ. ನನ್ನ ವಿಮೆಯ ಕಾಗದಗಳು ಎಲ್ಲಿವೆ ಎಂದಷ್ಟೇ ಕೇಳಿದಳು. ಆ ಒಂದು ಗಂಟೆ ನನಗೆ ಪ್ರಾಣವಾಯುವಾಗಿತ್ತು. ಅದು ತಪ್ಪಿದರೆ ಎರಡು ಕೋಣೆಯ ಮನೆಯಲ್ಲಿ ದಿನವಿಡೀ ನಾವಿಬ್ಬರೇ ಮುಖಾಮುಖಿ ಎಂಬುದೂ ನಿಜ.

ಅಂಥದ್ದನ್ನು ನನ್ನ ಕೈಯಾರೆ ಕೆಡಿಸಿಕೊಂಡೆ. ರಾಮನವಮಿಯ ಬೆಳಿಗ್ಗೆ, ಹಬ್ಬವಲ್ಲವೇ, ನಾಲ್ಕು ಜನಕ್ಕೆ ಉಪಕಾರವಾಗಲಿ ಎಂದು ಪುಡಿ ಬೆಲ್ಲದ ಪೊಟ್ಟಣ ಒಯ್ದಿದ್ದೆ. ಬೇವಿದ್ದಲ್ಲಿ ಬೆಲ್ಲ ಬೇಡವೆನ್ನುವವರು ಭೂಮಿಯ ಮೇಲೆ ಇರಬಹುದೆಂದು ತುಮಕೂರಿನವನಿಗೆ ಹೇಗೆ ಹೊಳೆಯಬೇಕು? ಕಾಂತಿಭಾಯಿ ಗೇಟು ಮುಚ್ಚಲು ಹೋದಾಗ ಪೊಟ್ಟಣವನ್ನು ಜಗ್ಗಿಗೆ ಸುರಿದು ಕಲಕಿದೆ. ಎಲ್ಲರೂ ಕುಡಿದರು. ಮೂರನೆಯ ಮಹಡಿಯವರು ಇನ್ನರ್ಧ ಲೋಟ ಕೇಳಿದರು. ಬೇವಿನ ರಸವನ್ನು ಎರಡನೆಯ ಸಲ ಕೇಳಿದ ಮನುಷ್ಯ ಅದುವರೆಗೆ ಹುಟ್ಟಿರಲಿಲ್ಲ. ಕಾಂತಿಭಾಯಿಗೆ ಅನುಮಾನ ಬಂದು ತಾವೂ ಒಂದು ಗುಟುಕು ಕುಡಿದರು. ಅವರ ಮುಖ ಬಿಳಿಚಿಕೊಂಡಿತು. ಯಾರು ಹಾಕಿದ್ದು ಎಂದು ಕೇಳಿದರು. ಪ್ರಶಂಸೆಯ ಆಸೆಯಿಂದ ನಾನೇ ಕೈ ಎತ್ತಿದೆ. ವ್ರತ ಕೆಟ್ಟಿತು, ನಾಳೆಯಿಂದ ನೀವು ಬರಬೇಡಿ ಎಂದು ಹೇಳಿ ಜಗ್ಗನ್ನು ನೆಲಕ್ಕೆ ಬಗ್ಗಿಸಿಬಿಟ್ಟರು.

ಮೂರು ದಿನ ಕಿಟಕಿಯಲ್ಲೇ ನಿಂತೆ. ಊಟ ಸೇರಲಿಲ್ಲ, ಸುಮಿತ್ರಳ ಮೇಲೆ ರೇಗಿದೆ, ಅವಳು ಎರಡರಷ್ಟು ರೇಗಿದಳು. ಕೆಳಗೆ ಜನ ಒಬ್ಬೊಬ್ಬರಾಗಿ ಕಡಿಮೆಯಾದರು. ಒಬ್ಬರಿಗೆ ಅಸಿಡಿಟಿ, ಇನ್ನೊಬ್ಬರಿಗೆ ಮಂಡಿನೋವು. ಮೂರನೆಯ ದಿನ ಮರದಡಿ ಕಾಂತಿಭಾಯಿ ಒಬ್ಬರೇ ಜಗ್ಗು ಹಿಡಿದು ಕೂತಿದ್ದರು.

ನಾಲ್ಕನೆಯ ಬೆಳಿಗ್ಗೆ ಬಾಗಿಲ ಬೆಲ್ ಆಯಿತು. ಬಾಗಿಲು ತೆರೆದರೆ ಆರಡಿ ದೂರದಲ್ಲಿ ಅವರೇ, ಕೈಯಲ್ಲಿ ಕೀಲಿ.

"ರಾವ್‌ಭಾಯಿ, ಅವತ್ತು ನೀವು ಹಾಕಿದ್ದು ಎಷ್ಟು ಬೆಲ್ಲ?" ಎಂದು ಹಿಂದಿಯಲ್ಲಿ ಕೇಳಿದರು.

ಒಂದು ಹಿಡಿ ಎಂದೆ, ಅಪರಾಧಿಯ ಹಾಗೆ.

"ನಾನು ಮೂರು ದಿನದಿಂದ ಮನೇಲಿ ಹಾಕಿ ಹಾಕಿ ನೋಡ್ತಿದ್ದೀನಿ, ಸರಿಯಾಗಿ ಬರ್ತಿಲ್ಲ," ಎಂದರು. "ನಲವತ್ತು ವರ್ಷ ಅವಳು ನನಗೆ ಕುಡಿಸಿದ್ದು ನಿಮ್ಮ ಆ ರಸಾನೇ. ಬೆಲ್ಲ ಹಾಕ್ತಿದ್ಲು ಅಂತ ಒಂದು ದಿನವೂ ಹೇಳಲಿಲ್ಲ."

ಬೆಲ್ಲದ ಡಬ್ಬಿ ತರಲು ಒಳಗೆ ತಿರುಗಿದೆ. ಸುಮಿತ್ರ ಆಗಲೇ ಅದನ್ನು ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು. ಸಕ್ಕರೆ ಕಾಯಿಲೆ ಬಂದಂದಿನಿಂದ ಆರು ವರ್ಷ ಸಕ್ಕರೆಯಿಲ್ಲದ ಕಾಫಿಯನ್ನು ಕಮಕ್ ಕಿಮಕ್ ಎನ್ನದೆ ಕುಡಿಯುತ್ತಿದ್ದೇನೆಂದು ನಾನೂ ಊರೆಲ್ಲ ಹೇಳಿಕೊಂಡು ತಿರುಗಿದವನೇ. ಅವಳನ್ನು ಒಂದು ಮಾತು ಕೇಳೋಣವೆನಿಸಿತು. ಅವಳು ಡಬ್ಬಿಯನ್ನು ನನ್ನ ಕೈಗಿಟ್ಟು ಬೇರೆ ಕಡೆ ನೋಡಿದಳು.

ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕಾಂತಿಭಾಯಿಯ ಹಿಂದೆ ಮೆಟ್ಟಿಲಿಳಿದೆ.