ಕೆಂಪು ಕೆಳಗೆ, ಹಳದಿ ಮೇಲೆ

ಕೆಳಗಿರಬೇಕಾದ್ದನ್ನು ಕೊನೆಗೆ ಹಾಕಬೇಕು. ಈ ಒಂದು ಮಾತು ನನ್ನ ತಲೆಗೆ ಇಳಿಯುವಷ್ಟರಲ್ಲಿ ಒಂದು ವಾರ, ಒಂದು ಬುಟ್ಟಿ ಕಿತ್ತಳೆ ಹಣ್ಣು ಮತ್ತು ಅವ್ವನ ಎರಡು ಗಾಜಿನ ಲೋಟ ಹಾಳಾದವು. ಬುದ್ಧಿವಂತರಿಗೆ ಇದು ಅರೆ ನಿಮಿಷದ ಕೆಲಸ ಇರಬಹುದು. ನಾನು ಬುದ್ಧಿವಂತ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆನೇ ಹೊರತು ಆಗಿರಲಿಲ್ಲ. ಇಡೀ ಫಜೀತಿ ಶುರುವಾದದ್ದೇ ಅಲ್ಲಿಂದ.

ನಾನು ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ‘ಓದಿದವನು’ ಎಂಬುದನ್ನು ದಯವಿಟ್ಟು ಮೆಲುದನಿಯಲ್ಲಿ ಓದಿಕೊಳ್ಳಿ. ಎಂಟು ತಿಂಗಳಲ್ಲಿ ಕಲಿತದ್ದು ಊಟದ ಮೇಜಿನ ಬಟ್ಟೆಯನ್ನು ಹಂಸದ ಹಾಗೆ ಮಡಿಸುವುದೊಂದೇ. ನನ್ನ ಹಂಸವನ್ನು ನೋಡಿದ ಮೇಷ್ಟ್ರು ‘ಈ ಕೋಳಿಗೆ ಏನಾಗಿದೆ’ ಎಂದು ಕಾಳಜಿಯಿಂದ ವಿಚಾರಿಸಿದ್ದರು. ಸೆಖೆ ತಡೆಯಲಾರದೆ ಹೆತ್ತೂರು ಕಡೆಯ ನಮ್ಮ ಹತ್ತೆಕರೆ ಕಾಫಿ ತೋಟಕ್ಕೆ ವಾಪಸ್ಸು ಬಂದೆ. ಬಂದವನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಕಟಿಂಗ್ ಶಾಪಿನಲ್ಲಿ, ಬಸ್ಸಿನಲ್ಲಿ, ಸಿಕ್ಕಿದ ಮದುವೆ ಮನೆಗಳಲ್ಲಿ, ‘ಮಂಗಳೂರಲ್ಲಿ ಬಾರ್ ನೋಡ್ಕೋತಿದ್ದೆ’ ಎಂದು ಹೇಳತೊಡಗಿದೆ. ಪೂರ್ತಿ ಸುಳ್ಳೇನಲ್ಲ. ನಮ್ಮ ಹಾಸ್ಟೆಲ್ಲಿನ ಕಿಟಕಿಗೆ ಎದುರಿನ ಬಾರು ಚೆನ್ನಾಗಿ ಕಾಣುತ್ತಿತ್ತು.

ಅಪ್ಪ ಮಾತ್ರ ಒಂದು ದಿನವೂ ನಂಬಲಿಲ್ಲ. ಅವರು ನನಗಿಟ್ಟ ಹೆಸರು ಜೊಳ್ಳು. ಕುಯ್ದು ತಂದ ಕಾಫಿ ಹಣ್ಣನ್ನು ನೀರು ತುಂಬಿದ ತೊಟ್ಟಿಗೆ ಸುರಿದರೆ, ಒಳಗೆ ಬೀಜ ಗಟ್ಟಿಯಾಗಿ ಕಟ್ಟಿರುವುದು ಮುಳುಗುತ್ತದೆ, ಕಟ್ಟದೇ ಇರುವುದು ತೇಲುತ್ತದೆ. ತೇಲಿದ್ದೇ ಜೊಳ್ಳು. “ಇವ್ನ ಯಾವ್ ತೊಟ್ಟೀಗ್ ಹಾಕಿದ್ರೂ ತೇಲ್ತಾನೆ ಕಣೇ” ಎಂದು ಅವ್ವನಿಗೆ ಹೇಳುತ್ತಿದ್ದರು. ಚಿಕ್ಕವನಿದ್ದಾಗ ನನ್ನ ಈಜನ್ನು ಹೊಗಳುತ್ತಿದ್ದಾರೆಂದು ತಿಳಿದು ಖುಷಿಪಟ್ಟಿದ್ದೆ.

ನಮ್ಮ ಬೇಲಿಯಾಚೆ ಕುಮಾರಣ್ಣನ ದೊಡ್ಡ ಎಸ್ಟೇಟ್. ಹೋಂಸ್ಟೇ ಎಂಬ ಮಾತು ನಮ್ಮ ಗುಡ್ಡಗಳಿಗೆ ಆಗಷ್ಟೇ ಹತ್ತಿ ಬಂದಿದ್ದ ಕಾಲ ಅದು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗೆಂದು ಕಟ್ಟಿಸಿದ್ದ ಹಳೆಯ ಮನೆಗೆ ಕುಮಾರಣ್ಣ ಬಣ್ಣ ಹೊಡೆಸಿ, ಬಿಸಿನೀರಿನ ನಲ್ಲಿ ಹಾಕಿಸಿ, ಬರುವ ಪ್ಯಾಟೆ ಜನರನ್ನು ನೋಡಿಕೊಳ್ಳಲು ಒಬ್ಬ ತಿಳಿದವನನ್ನು ಹುಡುಕುತ್ತಿದ್ದರು. ನನ್ನ ಕಟಿಂಗ್ ಶಾಪಿನ ಭಾಷಣ ಅವರ ಕಿವಿಗೂ ಬಿದ್ದಿತ್ತು. ಹೇಳಿ ಕಳಿಸಿದರು. ಹೋದೆ.

ಕುಮಾರಣ್ಣ ಹಿಂದಿನ ವರ್ಷ ಬೆಳೆಗಾರರ ಗುಂಪಿನ ಜೊತೆ ಹೊರದೇಶ ಸುತ್ತಿ ಬಂದಿದ್ದರು. ತಂದದ್ದು ಎರಡೇ: ಟಕೀಲಾ ಎಂಬ ಅಲ್ಲಿಯ ಮದ್ಯದ ಒಂದು ಬಾಟಲಿ, ಒಂದು ಫೋಟೋ. ಫೋಟೋದಲ್ಲಿ ಕುಮಾರಣ್ಣ ದಾಸವಾಳದ ಚಿತ್ರವಿದ್ದ ಶರ್ಟು ತೊಟ್ಟು, ಕೈಯಲ್ಲೊಂದು ಉದ್ದನೆಯ ಗ್ಲಾಸು ಹಿಡಿದು, ಹೆಣ್ಣು ನೋಡಲು ಬಂದವರ ಮುಂದೆ ನಿಂತ ಹಾಗೆ ನಿಂತಿದ್ದರು. ಗ್ಲಾಸಿನಲ್ಲಿ ತಳದಲ್ಲಿ ಕೆಂಪು, ನಡುವೆ ಕಿತ್ತಳೆ, ಮೇಲೆ ಹಳದಿ.

“ಹೊತ್ತು ಹುಟ್ಟಿದಂಗೆ ಕಾಣ್ತದೆ ನೋಡು. ಹೆಸರೂ ಸನ್‌ರೈಸ್ ಅಂತ್ಲೇ. ಬಾಳಾ ಹಳೇ ಕಾಲದ್ದಂತೆ, ಅಲ್ಲೀಗ ಮುದುಕ್ರು ಬಿಟ್ರೆ ಯಾರೂ ಕೇಳಲ್ವಂತೆ. ನಂಗೆ ಇಷ್ಟ ಆಯ್ತು. ನಿಂಗೆ ಬರ್ತದೇನೋ ಪರಮಿ?”

“ಇದಾ ಅಣ್ಣ? ಇದು ನಮ್ಗೆ ಒಂದ್ನೇ ಕ್ಲಾಸು” ಎಂದೆ. ಆ ಒಂದನೇ ಕ್ಲಾಸಿಗೂ ನಾನು ಹೋಗಿರಲಿಲ್ಲ.

“ಹಂಗಾದ್ರೆ ಭಾನುವಾರ ಮಧ್ಯಾಹ್ನ ಬಂದು ಮಾಡ್ಕೊಡು. ಹಿಂಗೇ ಬಂದ್ರೆ ಹೋಂಸ್ಟೇ ನಿನ್ ಕೈಗೆ. ಬರ್ನಿಲ್ಲ ಅಂದ್ರೆ ನಿಮ್ಮಪ್ಪನ್ ಜೊತೆ ಮೆಣಸು ಕುಯ್ಕೊಂಡಿರು.”

ಒಳಗಿನಿಂದ ಅವರ ಹೆಂಡತಿ ಶಾರದಕ್ಕ ಒಂದು ಮಾತು ಸೇರಿಸಿದರು. “ಒಲೆ ಹಚ್ಚೋಕಾದ್ರೂ ಬರ್ತದಾ ಕೇಳ್ರೀ.” ಆ ಮನೆಯಲ್ಲಿ ಕುಮಾರಣ್ಣ ಹೇಳುತ್ತಾರೆ, ಶಾರದಕ್ಕ ತೀರ್ಮಾನ ಮಾಡುತ್ತಾರೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಅಪ್ಪನ ಮುಂದೆ ತಲೆ ಎತ್ತಿ ನಿಲ್ಲಲು ನನಗಿದ್ದದ್ದು ಇದೊಂದೇ ದಾರಿ. ಸಂಜೆಯೇ ಹೆತ್ತೂರಿನ ಎಸ್‌ಟಿಡಿ ಬೂತಿಗೆ ಓಡಿ, ಮಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನನ್ನ ಸಹಪಾಠಿ ದಿನೇಶನಿಗೆ ಫೋನು ಮಾಡಿದೆ.

“ಅದೆಂತ ದೊಡ್ಡ ವಿಷ್ಯವಾ ಮಾರಾಯ?” ಎಂದ ಅವನು. “ಗ್ಲಾಸಿಗೆ ಐಸ್ ಹಾಕು, ಟಕೀಲಾ ಹಾಕು, ಕಿತ್ತಳೆ ರಸ ಹಾಕು. ದಾಳಿಂಬೆ ರಸಕ್ಕೆ ಸಕ್ಕರೆ ಹಾಕಿ ಕುದಿಸಿ ಇಟ್ಟುಕೊಂಡಿರಬೇಕು, ಅದನ್ನು ಕಡೆಗೆ ಅಂಚಿನಿಂದ ಮೆಲ್ಲ ಬಿಡು. ಮತ್ತೆ ಚಮಚ ಹಾಕಲಿಕ್ಕೆ ಹೋಗಬೇಡ, ಆಯ್ತಾ?”

ನನ್ನ ಗೊಂದಲ ಶುರುವಾದದ್ದು ಇಲ್ಲಿ. ಫೋಟೋದಲ್ಲಿ ಕೆಂಪು ಇರುವುದು ತಳದಲ್ಲಿ. ತಳದ್ದನ್ನು ಕಡೆಗೆ ಹಾಕು ಎನ್ನುತ್ತಾನಲ್ಲ, ಹಂಚು ಹೊದಿಸಿ ಆಮೇಲೆ ಪಾಯ ತೋಡಿದವರನ್ನು ನೀವೆಲ್ಲಾದರೂ ಕಂಡಿದ್ದೀರಾ? ಆಗ ನೆನಪಾಯಿತು. ಪರೀಕ್ಷೆಯ ದಿನ ಇದೇ ದಿನೇಶನಿಗೆ ‘ಇವತ್ತು ರಜೆ’ ಎಂದು ಹೇಳಿ, ಹೊದಿಕೆ ಹೊದಿಸಿ, ಮಲಗಿಸಿ ಹೋದವನು ನಾನು. ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಲೆಕ್ಕ ಹಾಕಿದೆ. ಸದಾ ಆಟ ಆಡಿಸುವವನ ಕಷ್ಟ ಇದೇ ನೋಡಿ. ಯಾರಾದರೂ ನೆಟ್ಟಗೆ ಮಾತಾಡಿದರೂ ಅದರಲ್ಲಿ ಕೊಂಕು ಹುಡುಕುತ್ತಾನೆ.

ಆದ್ದರಿಂದ ಅವನು ಹೇಳಿದ್ದನ್ನು ತಲೆಕೆಳಗು ಮಾಡಿದೆ. ಸಕಲೇಶಪುರದಿಂದ ಆರು ದಾಳಿಂಬೆ ತಂದೆ. ಕಿತ್ತಳೆಗೆ ಬರವಿಲ್ಲ, ನಮ್ಮ ಕಾಫಿ ಗಿಡಗಳ ನಡುವೆಯೇ ಮರಗಳಿವೆ. ಕುಮಾರಣ್ಣನ ಬಾಟಲಿ ಕುಮಾರಣ್ಣನ ಬೀರುವಿನಲ್ಲೇ ಇದ್ದದ್ದರಿಂದ ಟಕೀಲಾ ಬದಲು ಬಾವಿ ನೀರು. ದಾಳಿಂಬೆಯನ್ನು ಹಿಂಡಿದೆ. ಸಕ್ಕರೆ ಹಾಕಲಿಲ್ಲ, ಬೇಕಾದ್ದು ಬಣ್ಣ ತಾನೇ, ಅದಕ್ಕೇಕೆ ಸಕ್ಕರೆ? ಮೊದಲು ಕೆಂಪು, ಅದರ ಮೇಲೆ ನೀರು, ಅದರ ಮೇಲೆ ಕಿತ್ತಳೆ ರಸ. ಒಂದೇ ಕ್ಷಣದಲ್ಲಿ ಮೂರೂ ಸೇರಿ ಒಂದಾದವು.

ಅವ್ವ ಬಂದು ಲೋಟ ನೋಡಿದಳು. “ಆರತಿ ನೀರು ಯಾಕ್ ಕಲಸಿದ್ದೀಯೋ? ಯಾರಾದ್ರೂ ಮದುಮಕ್ಳು ಬರ್ತಾವ್ರಾ?”

ಎರಡು ದಿನ ಆರತಿ ನೀರೇ ಬಂತು. ಕಡೆಗೆ ಸೋತು, ಸಕ್ಕರೆ ಇಲ್ಲದ ಅದೇ ಕೆಂಪನ್ನು ದಿನೇಶ ಹೇಳಿದಂತೆ ಕೊನೆಗೆ ಬಿಟ್ಟೆ. ಅದು ಕೆಳಗಿಳಿಯಲೇ ಇಲ್ಲ. ಮೇಲೆ ಸುಮ್ಮನೆ ಹರಡಿ, ಯೋಚನೆ ಮಾಡಿ, ಒಂದಿಷ್ಟು ಕದಡಿ, ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮೊದಲು ಹಾಕಿದರೂ ಇಲ್ಲ, ಕೊನೆಗೆ ಹಾಕಿದರೂ ಇಲ್ಲ. ಫೋಟೋದಲ್ಲಿದ್ದದ್ದು ಪಾನೀಯವೇ ಅಲ್ಲ, ಬಣ್ಣದ ಗ್ಲಾಸು ಇರಬೇಕೆಂಬ ಅನುಮಾನ ಬಂತು. ಗಾಬರಿಯಲ್ಲಿ ಗ್ಲಾಸನ್ನು ಬಿಸಿನೀರಿನಲ್ಲಿಟ್ಟು ನೋಡಿದೆ, ಒಡೆಯಿತು. ತಣ್ಣೀರಿನಲ್ಲಿಟ್ಟು ನೋಡೋಣವೆಂದು ಇನ್ನೊಂದನ್ನು ಎತ್ತಿದೆ. ಅದು ಕೈ ಜಾರಿತು.

ಇಲ್ಲಿ ನಮ್ಮ ಜನದ ಸ್ವಭಾವವನ್ನೂ ಸ್ವಲ್ಪ ಹೇಳಬೇಕು. ಪದರ ಪದರವಾಗಿ ಕುಡಿಯುವುದು ನಮಗೆ ಒಗ್ಗುವ ವಿಷಯವಲ್ಲ. ಡಿಕಾಕ್ಷನ್, ಹಾಲು, ಸಕ್ಕರೆ ಮೂರನ್ನೂ ಹಾಕಿದ ಮೇಲೆ ಎರಡು ಪಾತ್ರೆಗಳ ನಡುವೆ ಎತ್ತಿ ಹೊಯ್ಯದೆ ಕಾಫಿಯನ್ನು ಯಾರ ಕೈಗೂ ಕೊಡುವುದಿಲ್ಲ. ಕೈ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಮರ್ಯಾದೆ. ನೆಂಟರು ಕುಡಿದಿಟ್ಟ ಲೋಟದ ತಳದಲ್ಲಿ ಸಕ್ಕರೆ ಉಳಿದಿದ್ದರೆ ಆ ಮನೆಯ ಹೆಂಗಸರಿಗೆ ಮೂರು ದಿನ ನಿದ್ದೆ ಬರುವುದಿಲ್ಲ. ನೆಂಟರು ಅದನ್ನು ಮೂರು ವರ್ಷ ಮರೆಯುವುದಿಲ್ಲ. ಇಂಥ ಸೀಮೆಯಲ್ಲಿ ನಾನು ಕೆಂಪು ಬೇರೆ, ಹಳದಿ ಬೇರೆ ನಿಲ್ಲಿಸಲು ಹೊರಟಿದ್ದೆ.

ಗುರುವಾರ ಸಂಜೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ನಮ್ಮಲ್ಲಿ ಮೊದಲಿನಿಂದ ಪಲ್ಪರ್ ಕೆಲಸ ನೋಡುವ ನಿಂಗಜ್ಜ ತೊಟ್ಟಿಯಲ್ಲಿ ತೇಲಿದ ಜೊಳ್ಳನ್ನು ಜಾಲರಿಯಲ್ಲಿ ಬಾಚಿ ಪಕ್ಕಕ್ಕೆ ಹಾಕುತ್ತಿದ್ದ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ ಅವನಿಗೆ ಎಲ್ಲ ಹೇಳಿದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

“ಸಣ್ಣಯ್ಯ, ತೊಟ್ಟೀಗೆ ನೀರು ಮೊದ್ಲು ಬಿಡ್ತೀವೋ, ಹಣ್ಣು ಮೊದ್ಲು ಹಾಕ್ತೀವೋ?”

“ನೀರು.”

“ಆಮೇಲ್ ಹಾಕಿದ್ ಹಣ್ಣು ಎಲ್ಲಿ ಹೋಗಿ ಕೂತ್ಕಂತು?”

“ತಳದಲ್ಲಿ.”

“ಮತ್ತಿನ್ನೇನು? ಮುಳುಗ್ಬೇಕು ಅಂದ್ರೆ ಒಳಗೆ ಏನಾದ್ರೂ ಇರ್ಬೇಕಲ್ಲ. ಬರೀ ಬಣ್ಣ ಇದ್ರೆ ಆಯ್ತದಾ? ಜೊಳ್ಳೂ ಕೆಂಪಗೇ ಐತೆ ನೋಡಿ.”

ನೋಡಿದೆ. ಜಾಲರಿಯ ತುಂಬ ಕೆಂಪಗೆ, ಹೊಳೆಯುತ್ತ, ನನ್ನ ಹಾಗೇ ಇತ್ತು. ಹುಟ್ಟಿದಾಗಿನಿಂದ ಈ ತೊಟ್ಟಿಯ ಪಕ್ಕದಲ್ಲೇ ಬೆಳೆದವನು ಇದನ್ನು ಕೇಳಲು ಮಂಗಳೂರಿಗೆ ಫೋನು ಮಾಡಿದ್ದೆ.

ಉಳಿದ ದಾಳಿಂಬೆ ರಸಕ್ಕೆ, ಒಳಗೆ ಭಾರ ಬರಲೆಂದು, ಕಣ್ಣು ಮುಚ್ಚಿ ಸಕ್ಕರೆ ಸುರಿದು ಕುದಿಸಿದೆ. ಶುಕ್ರವಾರ ಗ್ಲಾಸಿನ ಅಂಚಿನಿಂದ ಬಿಟ್ಟಾಗ ಅದು ಯಾರನ್ನೂ ಕೇಳದೆ ನೇರ ತಳಕ್ಕೆ ಹೋಗಿ ಕೂತಿತು. ಮೇಲೆ ಹಳದಿ, ನಡುವೆ ಎರಡೂ ಬೆರೆತ ಕಿತ್ತಳೆ ಬಣ್ಣ. ನಾನು ಹಿತ್ತಲಲ್ಲಿ ಒಬ್ಬನೇ ಕುಣಿದೆ. ಅವ್ವ ಕಿಟಕಿ ಮುಚ್ಚಿದಳು. ಮಿಕ್ಕ ಪಾಕ ಎರಡು ಗ್ಲಾಸಿಗೆ ಮಾತ್ರ ಆಗುವಷ್ಟಿತ್ತು. ಔಷಧಿ ಬಾಟಲಿಗೆ ತುಂಬಿ ತೆಗೆದಿಟ್ಟೆ.

ಭಾನುವಾರ ಮಧ್ಯಾಹ್ನ ಕುಮಾರಣ್ಣನ ಮನೆಯ ಜಗಲಿಯ ಮೇಜಿನ ಮೇಲೆ ಎರಡು ಗ್ಲಾಸು ಇಟ್ಟುಕೊಂಡೆ. ಕುಮಾರಣ್ಣನದಕ್ಕೆ ಅವರೇ ಟಕೀಲಾ ಅಳೆದು ಹಾಕಿ, ‘ಫೋಟೋ ತೆಗೀಲೇಬೇಕು’ ಎಂದು ಕ್ಯಾಮೆರಾಕ್ಕೆ ರೋಲು ಹಾಕಲು ಒಳಗೆ ಹೋದರು. ಶಾರದಕ್ಕ ಕುಡಿಯುವವರಲ್ಲ, ಅವರ ಗ್ಲಾಸಿಗೆ ಬರೀ ಕಿತ್ತಳೆ ರಸ. ಅಂಚಿನಿಂದ ಮೆಲ್ಲಗೆ ಕೆಂಪು ಬಿಟ್ಟೆ. ಎರಡೂ ಗ್ಲಾಸಿನಲ್ಲಿ ಹೊತ್ತು ಹುಟ್ಟಿತು. ಫೋಟೋದಲ್ಲಿದ್ದದ್ದಕ್ಕಿಂತ ಚೆನ್ನಾಗಿಯೇ ಹುಟ್ಟಿತು. ಅಂಟಂಟಾದ ಕೈ ತೊಳೆಯಲು ಹಿತ್ತಲಿಗೆ ಹೋದೆ.

ವಾಪಸ್ಸು ಬಂದಾಗ ಶಾರದಕ್ಕ ಜಗಲಿಯಲ್ಲಿ ನಿಂತಿದ್ದರು. ಅವರ ಬಲಗೈ ಆಕಾಶದಲ್ಲಿತ್ತು. ಅದರಲ್ಲೊಂದು ಸ್ಟೀಲ್ ಚೊಂಬು. ಮೇಜಿನ ಮೇಲೆ ಎರಡೂ ಗ್ಲಾಸು ಖಾಲಿ. ಚೊಂಬಿನಿಂದ ನನ್ನ ಹೋಂಸ್ಟೇ ದಾರದ ಹಾಗೆ ಇಳಿದು, ಎಡಗೈಯ ಪಾತ್ರೆಗೆ ನೊರೆನೊರೆಯಾಗಿ ಬೀಳುತ್ತಿತ್ತು.

“ಏನೋ ಪರಮಿ, ಸಕ್ರೆ ಎಲ್ಲಾ ತಳದಲ್ಲೇ ಕೂತಿತ್ತಲ್ಲೋ. ಬಂದೋರ್ಗೆ ಹಿಂಗೇ ಕೊಡ್ತೀಯಾ?” ಎಂದು ಎರಡು ಗ್ಲಾಸಿಗೂ ಸಮನಾಗಿ ಹಂಚಿದರು. ಒಂದನ್ನು ಬಾಯಿಯ ಹತ್ತಿರ ತಂದರು.

ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಆ ಅರೆ ಕ್ಷಣದಲ್ಲಿ ಸುಮ್ಮನಿದ್ದುಬಿಡುವ ಯೋಚನೆಯೂ ಬಂತು. ಶಾರದಕ್ಕ ಕುಡಿದು ಚೆನ್ನಾಗಿದೆ ಎಂದುಬಿಟ್ಟರೆ ಕೆಲಸ ನನ್ನದೇ. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ.

“ಅಕ್ಕ, ಕುಡೀಬೇಡಿ. ಅದ್ರಲ್ಲಿ ಟಕೀಲಾ ಐತೆ.”

“ನಂದ್ರಲ್ಲಿ ಹಾಕಲ್ಲ ಅಂದಿದ್ದೆ?”

“ಹಾಕಿರ್ಲಿಲ್ಲ. ಈಗ ಎರಡ್ರಲ್ಲೂ ಐತೆ.”

ಅಷ್ಟು ಹೊತ್ತಿಗೆ ಕುಮಾರಣ್ಣ ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡೇ ಹೊರಗೆ ಬಂದರು. ಗ್ಲಾಸುಗಳನ್ನು ನೋಡಿ ಕ್ಯಾಮೆರಾ ಇಳಿಸಿದರು. “ಎಲ್ಲೋ ಹೊತ್ತು?”

“ಮುಳುಗ್ತು ಅಣ್ಣ.”

“ಇನ್ನೊಂದ್ ಮಾಡು.”

“ಪಾಕ ಖಾಲಿ.”

“ಬರಲ್ಲ ಅಂದಿದ್ರೆ ಆಗ್ತಿತ್ತಲ್ಲೋ, ಮಾರಾಯ” ಎಂದರು ಬೇಜಾರಿನಲ್ಲಿ. ನಾನು ಚೊಂಬಿನ ಕಡೆ ನೋಡಿದೆ. ಶಾರದಕ್ಕ ಮೌನವಾಗಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

“ಬಂದಿತ್ತು ಕಣ್ರೀ” ಎಂದರು ಅವರು. “ಕೆಳಗೆ ಕೆಂಪು, ಮೇಲೆ ಹಳದಿ, ನಿಮ್ ಫೋಟೋದಲ್ಲಿದ್ದಂಗೇ. ನಾನೇ ಎತ್ತಿ ಹೊಯ್ದು ಕೆಡಿಸ್ಬುಟ್ಟೆ.”

ಅವರೇ ತಪ್ಪು ಒಪ್ಪಿಕೊಂಡ ಮೇಲೆ ನನ್ನದನ್ನು ಬಚ್ಚಿಟ್ಟುಕೊಂಡು ನಿಲ್ಲಲು ಆಗಲಿಲ್ಲ. ಬಾರ್ ನೋಡಿದ್ದು ಹಾಸ್ಟೆಲ್ ಕಿಟಕಿಯಿಂದ, ಇದನ್ನು ಕಲಿತದ್ದು ಮೊನ್ನೆ ನಿಂಗಜ್ಜನ ಹತ್ತಿರ, ತೊಟ್ಟಿ ಪಕ್ಕ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಕುಮಾರಣ್ಣ ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಒಂದು ಗ್ಲಾಸು ಎತ್ತಿ ಕುಡಿದರು. “ಅಲ್ಲಿ ಕುಡ್ದಿದ್ಕಿಂತ ಚೆನ್ನಾಗೈತೆ” ಎಂದರು. ಹೆಂಡತಿಯನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡಿ ಇನ್ನೊಂದನ್ನೂ ಎತ್ತಿಕೊಂಡರು.

“ಇವ್ನೇ ಇರ್ಲಿ” ಎಂದರು ಶಾರದಕ್ಕ. “ಕುಡೀಬೇಡಿ ಅಂದ್ನಲ್ಲ, ಅಷ್ಟು ಸಾಕು. ಬಾಟ್ಲಿ ಬೀಗದ ಕೈ ಮಾತ್ರ ನನ್ ಹತ್ರ.”

ಆಮೇಲೆ ಒಳಗೆ ಹೋಗಿ ನನಗೆ ಕಾಫಿ ತಂದರು. ಅದೇ ಚೊಂಬಿನಲ್ಲಿ, ಅದೇ ಎತ್ತರದಿಂದ ಎತ್ತಿ ಹೊಯ್ದು ಕೊಟ್ಟರು. ಚೆನ್ನಾಗಿತ್ತು. ಇಷ್ಟು ದೊಡ್ಡ ಎಸ್ಟೇಟು, ಗಟ್ಟಿ ಬೀಜದ ಕಾಫಿ ಇರಬೇಕು ಎಂದೆ.

“ಗಟ್ಟಿದೆಲ್ಲಾ ಮಾರೋಕ್ ಹೋಯ್ತದೆ ಕಣೋ. ಮನೇಗೆ ಯಾವಾಗ್ಲೂ ಜೊಳ್ಳೇ” ಎಂದು ಶಾರದಕ್ಕ ನನ್ನನ್ನೊಮ್ಮೆ, ಲೋಟವನ್ನೊಮ್ಮೆ ನೋಡಿದರು.

ಮನೆಗೆ ಬಂದು ಕೆಲಸ ಸಿಕ್ಕಿತೆಂದು ಹೇಳಿದಾಗ ಅಪ್ಪ ನಂಬದೆ, “ಈ ಜೊಳ್ಳನ್ನಾ?” ಎಂದರು. ಯಾವತ್ತಿನ ಹಾಗೆ ತಲೆ ತಗ್ಗಿಸಲು ಹೊರಟವನು ಅರ್ಧದಲ್ಲಿ ನಿಂತೆ. ಅಪ್ಪನ ಕೈಯಲ್ಲಿ ಸಂಜೆಯ ಕಾಫಿ ಲೋಟವಿತ್ತು, ಅದೂ ಜೊಳ್ಳಿನದೇ. ಶಾರದಕ್ಕ ನನ್ನನ್ನು ಹೊಗಳಿದರೋ ಬೈದರೋ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಕೇಳೋಣವೆಂದರೆ, ಅವರು ಮೊದಲು ಲೋಟ ಕೈಗೆ ಕೊಟ್ಟುಬಿಡುತ್ತಾರೆ.