ಮೇಲ್ಮನೆ ಆಂಟಿ ಆಡಿದ ಪೋಕರ್

ಅವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಕಾಲುಂಗುರದ ಸದ್ದು. ಜಪಾನಿನ ಕಾವಾಸಾಕಿ ಊರಿನ ನಮ್ಮ ಅಪಾರ್ಟ್‌ಮೆಂಟಿನ ಛಾವಣಿ ಬಲು ತೆಳು. ಮೇಲಿನ ಮನೆಯ ಮರದ ನೆಲದ ಮೇಲೆ ಬೆಳ್ಳಿ ಟಿಕ್ ಟಿಕ್ ಅನ್ನುತ್ತ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಅಡುಗೆಮನೆಗೆ ಹೋಗುತ್ತಿತ್ತು. ಹೋದದ್ದು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಕೊರೊನಾದ ಮೊದಲ ವರ್ಷ ಅದು. ಆಫೀಸು ಮನೆಗೇ ಬಂದು ಕೂತಿತ್ತು. ನಾನು ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಭಾಗಗಳ ನಕ್ಷೆ ತಿದ್ದುತ್ತಿದ್ದರೆ ತಲೆಯ ಮೇಲೆ ಟಿಕ್ ಟಿಕ್.

ಜಪಾನಿನಲ್ಲಿ ಇಂಥದ್ದಕ್ಕೆ ನೇರವಾಗಿ ಹೋಗಿ ಜಗಳ ಮಾಡುವ ಪದ್ಧತಿಯಿಲ್ಲ. ಕಟ್ಟಡ ನೋಡಿಕೊಳ್ಳುವವರಿಗೆ ತಿಳಿಸಬೇಕು, ಅವರು ಯಾರತ್ತಲೂ ಬೊಟ್ಟು ಮಾಡದ ಒಂದು ಚೀಟಿಯನ್ನು ಎಲ್ಲರ ಬಾಗಿಲಿಗೂ ಹಾಕುತ್ತಾರೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತವನ ಮಗಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಬಾಯಿ ಬಿಟ್ಟು ಕೇಳದೆ ನನಗೆ ಜೀವನದಲ್ಲಿ ಏನೂ ಸಿಕ್ಕಿರಲಿಲ್ಲ. ಮಾಸ್ಕ್ ಹಾಕಿಕೊಂಡು ಮೇಲೆ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದ ಹೆಂಗಸು ಸುಮಿಮಾಸೆನ್ ಸುಮಿಮಾಸೆನ್ ಎಂದು ಜಪಾನಿಯಲ್ಲಿ ಕ್ಷಮೆ ಕೇಳುತ್ತ ನಾಲ್ಕು ಸಲ ಬಗ್ಗಿ, ಒಳಗೆ ತಿರುಗಿ ಹೇಳಿದರು: “ರೀ, ಕೆಳಗಡೆಯವ್ರು ಬಯ್ಯಕ್ಕೆ ಬಂದಿದಾರೆ.”

“ಬಯ್ಯಕ್ಕಲ್ಲ, ಕೇಳಕ್ಕೆ,” ಅಂದೆ ನಾನೂ ಕನ್ನಡದಲ್ಲಿ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. “ಅಯ್ಯೋ, ಮೊದಲು ಒಳಗೆ ಬನ್ನಿ. ಕೂತ್ಕೊಂಡು ಬೈಯಿರಿ.”

ಹಾಗೆ ಅವರು ನನಗೆ ಮೇಲ್ಮನೆ ಆಂಟಿಯಾದರು. ಮೈಸೂರಿನವರು. ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಹಿರಿಯ ಇಂಜಿನಿಯರು, ನನಗೆ ಅಂಕಲ್. ಅಂಕಲ್ ಬೆಳಗಿನಿಂದ ಸಂಜೆವರೆಗೆ ಹಾಲಿನಲ್ಲೇ ಮೀಟಿಂಗ್ ಮಾಡುತ್ತಿದ್ದರು. ಅವರು ಕೈಯೆತ್ತಿ ‘ಮ್ಯೂಟ್’ ಎಂದು ಸನ್ನೆ ಮಾಡಿದರೆ ಮಾತ್ರ ಆಂಟಿ ಮಿಕ್ಸಿ ಹಾಕಬೇಕು. “ನನ್ನ ಚಟ್ನಿ ಯಾವಾಗ್ಲೂ ಅರ್ಧಂಬರ್ಧ. ಅವ್ರ ಬಾಸ್ ಮಾತು ನಿಲ್ಸಿದ್ರೆ ತಾನೆ ನುಣ್ಣಗಾಗೋದು,” ಎನ್ನುತ್ತಿದ್ದರು. ಅಕ್ಕಪಕ್ಕದ ಜಪಾನಿ ಮನೆಯವರಿಗೆ ಅವರು ‘ಒಕುಸಾನ್’, ಅಂದರೆ ಯಾರದೋ ಮನೆಯಾಕೆ. ಕಂಪನಿಯ ಕನ್ನಡದವರಿಗೆ ಮಿಸೆಸ್ ಇಂಥವರು. ನಗೋಯಾದಲ್ಲಿ ಓದುತ್ತಿದ್ದ ಮಗಳಿಗೆ ಮಮ್ಮಿ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತಿತ್ತು.

ಆ ಚಳಿಗಾಲ ನನಗೆ ಸೋಂಕು ತಗುಲಿತು. ಆಂಟಿ ಎರಡೂ ಹೊತ್ತು ಬಾಲ್ಕನಿಯಿಂದ ಹಗ್ಗಕ್ಕೆ ಬಟ್ಟೆಚೀಲ ಕಟ್ಟಿ ಇಳಿಸುತ್ತಿದ್ದರು. ಚೀಲದಲ್ಲಿ ಮೆಣಸಿನ ಸಾರು, ಅನ್ನ, ಒಂದು ಕಿತ್ತಳೆ. ಖಾಲಿ ಡಬ್ಬಿ ಮೇಲೆ ಹೋಗುವುದು ತಡವಾದರೆ ಹಗ್ಗ ಜಗ್ಗುತ್ತಿದ್ದರು. “ತಿಂದ್ಯಾ? ಮಲ್ಕೊಂಡೇ ಇರ್ಬೇಡ. ಒಳಗೇ ನಾಲ್ಕು ಹೆಜ್ಜೆ ಓಡಾಡು.” ಅವರ ಮಾತಿನ ಬಹುವಚನ ಯಾವಾಗ ಬಿಟ್ಟುಹೋಯಿತೋ ಇಬ್ಬರಿಗೂ ನೆನಪಿರಲಿಲ್ಲ.

ಸದಾ ಓಡಾಡುವ ಆ ಜೀವವನ್ನು ಕೂರಿಸಿದ್ದು ಒಂದೇ, ಇಸ್ಪೀಟು. ಮಗಳು ಫೋನಿಗೆ ಪೋಕರ್ ಆಟ ಹಾಕಿಕೊಟ್ಟಿದ್ದಳು. ತವರಿನಲ್ಲಿ ಅಪ್ಪನ ಜೊತೆ ರಮ್ಮಿ ಆಡಿ ಬೆಳೆದಿದ್ದ ಆಂಟಿಗೆ ಅದು ಬೇಗ ಹತ್ತಿತು. ನನಗೆ ಎಲೆ ಕಂಡರೆ ಆಗುತ್ತಿರಲಿಲ್ಲ. ಮಂಡಿಯ ಹಿಂದೆ ಕೂತು ಆಡುತ್ತಿದ್ದ ಗಂಡಸರನ್ನು ಮನೆಗೆ ಕರೆಯಲು ಹೋಗಿ ನಿಂತಿರುತ್ತಿದ್ದ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ. ಅದನ್ನು ಆಂಟಿಗೆ ಹೇಳಿದೆ ಕೂಡ.

“ಅದು ಜೂಜು ಕಣೆ. ಇದು ಬರೀ ಆಟ,” ಅಂದರು. “ಫೋನಲ್ಲಿ ಎಷ್ಟು ದಿನ ಆಡ್ಲಿ? ಆ ಕಡೆ ಯಾರಿದಾರೆ ಅಂತಾನೇ ಗೊತ್ತಾಗಲ್ಲ. ಒಂದ್ಸಲ ಮನುಷ್ಯರ ಜೊತೆ ಕೂತ್ಕೋಬೇಕು.”

ಅಷ್ಟರಲ್ಲಿ ಅಂಕಲ್‌ಗೆ ಮೈಸೂರಿಗೆ ವಾಪಸು ವರ್ಗವಾಯಿತು. ಆಂಟಿಯ ಕಾಲು ಇನ್ನೂ ಜೋರಾಯಿತು. ಪೆಟ್ಟಿಗೆ ಕಟ್ಟುವರು, ಬಿಚ್ಚುವರು. ಒಂದು ದಿನ ಕೆಳಗೆ ಬಂದು ಫೋನು ನನ್ನ ಮೂಗಿನ ಹತ್ತಿರ ಹಿಡಿದರು. ಸ್ಟೇಷನ್ ಹತ್ತಿರದ ಒಂದು ಕ್ಯಾಸಿನೋ. ಕ್ಯಾಸಿನೋ ಅಂದರೆ ಹೆಸರಿಗೆ ಅಷ್ಟೆ. ಅಲ್ಲಿ ದುಡ್ಡು ಪಣ ಕಟ್ಟುವಂತಿಲ್ಲ, ಆಟದ ಬಿಲ್ಲೆಗಳಿಗೆ ಬಾಗಿಲಾಚೆ ಬೆಲೆಯಿಲ್ಲ. ಭಾನುವಾರ ಮಧ್ಯಾಹ್ನ ಹೊಸಬರಿಗೆಂದು ಪೋಕರ್ ಕೂಟ ಏರ್ಪಡಿಸಿದ್ದರು.

“ಸೋತವ್ರು ಒಬ್ಬೊಬ್ರೇ ಏಳ್ತಾರಂತೆ. ಕೊನೆಗೆ ಒಂದೇ ಟೇಬಲ್ ಉಳಿಯತ್ತೆ. ಆ ಟೇಬಲ್ಲಿಗೆ ಬಂದವ್ರ ಹೆಸರು ದೊಡ್ಡ ಬೋರ್ಡ್ ಮೇಲೆ ಹಾಕ್ತಾರೆ. ಗೆಲ್ಲೋದು ಬಿಡು, ನನಗೆ ಅದೊಂದು ಆಗ್ಬೇಕು.”

“ಯಾಕೆ ಆಂಟಿ? ಯಾರು ನೋಡ್ತಾರೆ?”

“ನಾನು ನೋಡ್ತೀನಿ. ನೀನು ಬಾ, ರೂಲ್ಸು ಟ್ರಾನ್ಸ್‌ಲೇಟ್ ಮಾಡು. ಅಂಕಲ್‌ಗೆ ಇಂಡಿಯನ್ ಅಂಗಡಿಗೆ ಬೇಳೆ ತರಕ್ಕೆ ಅಂತ ಹೇಳಿದೀನಿ.”

ಹೋದೆವು. ರೈಲಿನಲ್ಲಿ ಆಂಟಿ ಕೂರಲಿಲ್ಲ, ಸೀಟು ಖಾಲಿಯಿದ್ದರೂ ಹಿಡಿಕೆ ಹಿಡಿದು ನಿಂತೇ ಬಂದರು. ಬಾಗಿಲಲ್ಲಿ ಹಣೆಗೆ ಉಷ್ಣಮಾಪಕ ಹಿಡಿದರು, ಕೈಗೆ ಸ್ಯಾನಿಟೈಸರ್ ಸುರಿದರು. ಒಳಗೆ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಆಟಗಾರರ ನಡುವೆ ಪಾರದರ್ಶಕ ಅಡ್ಡಹಲಗೆಗಳು, ಎಲ್ಲರ ಮುಖಕ್ಕೂ ಮಾಸ್ಕ್. ಸಿಗರೇಟು, ಸಂಗೀತ, ಗಲಾಟೆ ಏನೋ ಇರುತ್ತದೆಂದು ಹೆದರಿಕೊಂಡು ಹೋಗಿದ್ದ ನನಗೆ ಅದು ಬ್ಯಾಂಕಿನ ಹಾಗೆ ಕಂಡಿತು.

ಕೌಂಟರಿನ ಹುಡುಗಿ, ಬೋರ್ಡಿಗೆ ಯಾವ ಹೆಸರು ಹಾಕಲಿ ಎಂದು ಕೇಳಿದಳು. ಅಲ್ಲಿ ಬಂದವರೆಲ್ಲ ಅಡ್ಡಹೆಸರು ಕೊಡುತ್ತಿದ್ದರು, ಬೆಕ್ಕು, ಹುಲಿ, ಸೋಮಾರಿ ಅಂತ. ಆಂಟಿ ಒಂದು ಹೆಂಗಸಿನ ಹೆಸರನ್ನು ಹೇಳಿದರು. ನನಗೆ ಗೊತ್ತಿದ್ದ ಅವರ ಹೆಸರಲ್ಲ ಅದು.

“ಅಂಕಲ್‌ಗೆ ಗೊತ್ತಾಗದೆ ಇರ್ಲಿ ಅಂತ ಸುಳ್ಳು ಹೆಸರಾ?” ಎಂದು ಕಿವಿಯಲ್ಲಿ ಕೇಳಿದೆ.

“ಸುಳ್ಳಲ್ಲ. ಅದೇ ನಂದು. ಮದುವೆಗೆ ಮುಂಚಿಂದು,” ಅಂದರು. “ಸ್ಪೆಲಿಂಗ್ ಸರಿ ಬರ್ಸು.”

ನಿಯಮಗಳನ್ನು ನಾನು ಕನ್ನಡಕ್ಕೆ ತಂದು ಹೇಳಿದೆ. ಎರಡು ಎಲೆ ಕೈಗೆ, ಐದು ಎಲೆ ಎಲ್ಲರಿಗೂ ಸೇರಿ ನಡುವೆ, ಏಳರಲ್ಲಿ ಒಳ್ಳೆಯ ಐದೇ ಲೆಕ್ಕ. ಎಲೆಯನ್ನು ಮೇಜಿನಿಂದ ಮೇಲೆತ್ತಬಾರದು. ಕೊನೆಯಲ್ಲಿ ಗೆದ್ದೆ ಎಂದರೆ ಸಾಲದು, ತನ್ನ ಎರಡೆಲೆಯನ್ನು ತಿರುಗಿಸಿ ತೋರಿಸಬೇಕು. ತೋರಿಸುವ ಮೊದಲೇ ಅವು ಬೇರೆ ಎಲೆಗಳೊಂದಿಗೆ ಬೆರೆತರೆ ಆ ಕೈ ಸತ್ತ ಹಾಗೆ.

“ಸರಿ ಸರಿ, ಗೊತ್ತು,” ಎಂದು ಆಂಟಿ ಹೋಗಿ ಕೂತರು. ಆಟದ ಜಾಗಕ್ಕೆ ಅಡ್ಡ ಕಟ್ಟಿದ್ದ ಹಗ್ಗದ ಈಚೆ ನಾನು ನಿಂತೆ.

ಅವರು ಅಷ್ಟು ಹೊತ್ತು ಅಲುಗದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಬರೀ ಕಣ್ಣು ಕಾಣುತ್ತಿತ್ತು. ಆ ಕಣ್ಣಲ್ಲಿ ಏನೂ ಇರಲಿಲ್ಲ. ನೀರು ಕುಡಿಯುವ ಬಿಡುವಿನಲ್ಲಿ ಹಗ್ಗದ ಹತ್ತಿರ ಬಂದಾಗ ಅವರ ಮುಂದಿನ ಬಿಲ್ಲೆಗಳ ಗುಡ್ಡೆ ಮೊದಲಿನ ಎರಡರಷ್ಟಾಗಿತ್ತು.

“ಎಲೆ ಚೆನ್ನಾಗಿ ಬೀಳ್ತಿದೆಯಾ?”

“ಕೆಟ್ಟದಾಗಿ ಬೀಳ್ತಿದೆ. ಹೆದರಿಸ್ತಾ ಇದೀನಿ.”

“ಮುಖ ನೋಡಿದ್ರೆ ಗೊತ್ತಾಗಲ್ವಾ ಅವ್ರಿಗೆ?”

“ಬಂದೋರ್ಗೆಲ್ಲಾ ಇಷ್ಟು ವರ್ಷ ‘ಚೆನ್ನಾಗಿದೀನಿ, ನೀವು ಹೇಗಿದೀರಾ’ ಅಂದಿದೀನಿ ಕಣೆ. ಇದೇನ್ ಮಹಾ.”

ಒಬ್ಬೊಬ್ಬರೇ ಎದ್ದರು. ಮೇಜುಗಳು ಕಡಿಮೆಯಾಗಿ ಎರಡು ಉಳಿದವು. ಇನ್ನೊಬ್ಬಿಬ್ಬರು ಹೋದರೆ ಕೊನೆಯ ಮೇಜು. ಗೋಡೆಯ ಬೋರ್ಡಿನಲ್ಲಿ ಹೆಸರು ಬರೆಯುವ ಖಾಲಿ ಸಾಲುಗಳು ಆಗಲೇ ಮೂಡಿದ್ದವು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲೆ ಕಂಡರಾಗದ ನಾನು ಹಗ್ಗ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆಯುತ್ತಿದ್ದೆ. ನನ್ನ ಪರೀಕ್ಷೆಯ ಫಲಿತಾಂಶಗಳಿಗೂ ನಾನು ಅಷ್ಟು ಒದ್ದಾಡಿದವಳಲ್ಲ.

ಆಗ ಆ ಆಟ ಬಂತು. ಬೇರೆಯವರೆಲ್ಲ ಬಿಟ್ಟು, ಆಂಟಿ ಮತ್ತು ಬೋಳುತಲೆಯ ಒಬ್ಬ ಹಿರಿಯರು ಉಳಿದರು. ಆಂಟಿ ತಮ್ಮ ಬಿಲ್ಲೆಗಳಲ್ಲಿ ಹೆಚ್ಚಿನವನ್ನು ಮುಂದೆ ತಳ್ಳಿದರು. ಹಿರಿಯರು ಯೋಚಿಸಿ ಯೋಚಿಸಿ ಅಷ್ಟೇ ತಳ್ಳಿ, ತಮ್ಮ ಎರಡೆಲೆ ತಿರುಗಿಸಿದರು. ಎರಡು ಜೋಡಿ. ಇನ್ನು ಆಂಟಿ ತಿರುಗಿಸಬೇಕು. ಅವರ ಕಣ್ಣಿನ ಸುತ್ತ ಸುಕ್ಕು ಮೂಡಿತು. ಮಾಸ್ಕಿನ ಹಿಂದೆ ನಕ್ಕರೆಂದು ನನಗೆ ತಿಳಿಯಿತು.

ಅವರ ಕೈ ಮುಂದೆ ಹೋಯಿತು. ಹಿರಿಯರ ಎಲೆಗಳನ್ನು ಎತ್ತಿಕೊಂಡಿತು. ಬಿಟ್ಟವರು ಚೆಲ್ಲಿದ್ದ ಎಲೆಗಳನ್ನು ಬಳಿಯಿತು. ಅದರೊಳಕ್ಕೆ ತಮ್ಮ ಎರಡೆಲೆಯನ್ನೂ ಸೇರಿಸಿ, ಅಂಚು ಸಮ ಮಾಡಿ, ಕಟ್ಟನ್ನು ಅಚ್ಚುಕಟ್ಟಾಗಿ ಹಂಚುವ ಹುಡುಗಿಯ ಮುಂದಿಟ್ಟಿತು.

ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ಆಂಟಿ ತಮ್ಮ ಖಾಲಿ ಜಾಗ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಐದೂ ಆಟೀನ್ ಇತ್ತು ಕಣೆ,” ಅಂದರು ಮೆಲ್ಲಗೆ. ಕೈಯ ಎರಡು, ನಡುವಿನ ಮೂರು, ಐದೂ ಒಂದೇ ಜಾತಿಯ ಎಲೆ. ಎರಡು ಜೋಡಿಯನ್ನು ಸುಲಭವಾಗಿ ಹೊಡೆಯುವ ಕೈ.

ನಾನು ಹಗ್ಗ ದಾಟಿದೆ. ಕಲಿತ ಜಪಾನಿಯನ್ನೆಲ್ಲ ಕೂಡಿಸಿ ವಾದಿಸಿದೆ. ಮೊದಲ ಸಲ ಬಂದವರು, ಎರಡೂ ಎಲೆ ಈ ಕಟ್ಟಿನಲ್ಲೇ ಇವೆ, ತಿರುಗಿಸಿ ನೋಡಿ ಅಂದೆ. ಮೇಲ್ವಿಚಾರಕ ಬಂದು ತಲೆಬಾಗಿಸಿ, ಬೆರೆತ ಮೇಲೆ ಯಾವುದು ಯಾರದೆಂದು ತಾವು ಹೇಳುವಂತಿಲ್ಲ, ಕ್ಷಮಿಸಬೇಕು ಅಂದ. ಬೋಳುತಲೆಯ ಹಿರಿಯರೂ ಎದ್ದು ನಿಂತು ತಲೆಬಾಗಿಸಿದರು. ಎಲ್ಲರೂ ಅಷ್ಟು ವಿನಯವಾಗಿದ್ದರೆ ಜಗಳವಾಡುವುದು ಯಾರೊಂದಿಗೆ.

ಆಂಟಿ ನನ್ನ ತೋಳು ಹಿಡಿದರು. “ಬಿಡು. ಎತ್ತಿದ್ದು ನಾನೇ ತಾನೆ.”

ಉಳಿದಿದ್ದ ಸ್ವಲ್ಪ ಬಿಲ್ಲೆ ಮುಂದಿನ ಆಟದಲ್ಲೇ ಹೋಯಿತು. ಕೊನೆಯ ಮೇಜಿಗೆ ಜನ ಕೂತರು. ಬೋರ್ಡಿನಲ್ಲಿ ಬೆಕ್ಕು, ಹುಲಿ, ಸೋಮಾರಿ ಎಲ್ಲರೂ ಬಂದರು. ಆಂಟಿ ಕೊನೆಯ ಹೆಸರು ಮೂಡುವವರೆಗೂ ನಿಂತು ಓದಿ, ಆಮೇಲೆ ಕೋಟು ಹಾಕಿಕೊಂಡರು.

ಕೊಂಬಿನಿ ಎನ್ನುವ ಇಪ್ಪತ್ನಾಲ್ಕು ಗಂಟೆಯ ಅಂಗಡಿಯಲ್ಲಿ ಅನ್ನದ ಉಂಡೆ ಕೊಂಡು ಸ್ಟೇಷನ್ ಎದುರಿನ ಕಲ್ಲುಬೆಂಚಿನಲ್ಲಿ ಕೂತೆವು. ನನ್ನ ಸಿಟ್ಟು ಇಳಿದಿರಲಿಲ್ಲ.

“ಕೈ ಯಾಕೆ ಸುಮ್ನಿರಲಿಲ್ಲ ಆಂಟಿ? ಅಲ್ಲಿ ಎಲೆ ಎತ್ತಕ್ಕೆ ಅಂತಾನೇ ಒಬ್ಳು ಕೂತಿದ್ಲಲ್ಲ.”

“ಗೆದ್ದೆ ಅಂತ ತಲೆಗೆ ಬಂತು ನೋಡು, ಆಟ ಮುಗೀತು ಅಂತ ಕೈಗೆ ಬಂದ್ಬಿಡ್ತು,” ಅಂದರು. “ಅತ್ತೆ ಮನೇಲಿ ಹಬ್ಬಕ್ಕೆ ಎಲ್ಲಾ ಸೇರಿದ್ರೆ ಊಟ ಆದ್ಮೇಲೆ ಇಸ್ಪೀಟು. ಭಾವಂದಿರು, ಮಾವ, ಇವ್ರು. ಆಟ ಮುಗ್ದಾಗ ಎಲೆ ಎಲ್ಲಾ ಒಟ್ಟು ಮಾಡಿ, ಕಲಸಿ, ಹಾಕೋದು ಕಿರಿ ಸೊಸೆ ಕೆಲಸ. ಆಮೇಲೆ ಕಾಫಿ. ನಾನು ಅಪ್ಪನ ಹತ್ರ ಎಷ್ಟು ಆಡಿದ್ದೆ ಗೊತ್ತಾ? ಅಲ್ಲಿ ಯಾರೂ ‘ನೀನೂ ಕೂತ್ಕೋ’ ಅನ್ಲಿಲ್ಲ. ನಾನೂ ಕೇಳ್ಲಿಲ್ಲ ಅನ್ನು.”

“ಕೇಳ್ಬೇಕಿತ್ತು.”

“ನೀನಾಗಿದ್ರೆ ಕೇಳ್ತಿದ್ದೆ.”

ಅದು ಹೊಗಳಿಕೆಯೋ ಚುಚ್ಚೋ ನನಗೆ ತಿಳಿಯಲಿಲ್ಲ. ನಾನು ಕೇಳಬೇಕಾದ್ದನ್ನು ಕೇಳಿದೆ. “ಹೆಸರು ಯಾಕೆ ಬದಲಾಯ್ತು?”

“ನಮ್ಮಲ್ಲಿ ಪದ್ಧತಿ. ಧಾರೆ ಆದ್ಮೇಲೆ ತಟ್ಟೇಲಿ ಅಕ್ಕಿ ಹರಡ್ತಾರೆ. ಉಂಗುರದಲ್ಲಿ ಹೊಸ ಹೆಸರು ಬರೀತಾರೆ. ಎಲ್ಲಾ ಚಪ್ಪಾಳೆ ತಟ್ತಾರೆ. ಆಮೇಲೆ ಆ ಅಕ್ಕಿ ಪಾಯಸಕ್ಕೆ ಹೋಗತ್ತೆ.” ಉಂಡೆಯ ಕೊನೆಯ ತುತ್ತು ಬಾಯಿಗೆ ಹಾಕಿಕೊಂಡು ಎದ್ದರು. “ನಡಿ, ಕಾಲು ಹಿಡ್ಕೊಂತು.”

ಮುಂದಿನ ವಾರ ಅವರು ಹೊರಟುಹೋದರು. ಮೈಸೂರಿನಿಂದ ಫೋನು ಬರುತ್ತಿತ್ತು. ನನ್ನ ಆಫೀಸಿನ ಕಷ್ಟಗಳನ್ನು ಹೇಳಿದರೆ ಪೂರ್ತಿ ಕೇಳಿ, ಕೊನೆಗೆ ಒಂದೇ ಮಾತು: “ತೋರ್ಸಿದ್ಯಾ?” ನಾನು ತಯಾರಿಸಿದ ನಕ್ಷೆಗಳನ್ನು ಮೀಟಿಂಗುಗಳಲ್ಲಿ ಮೇಲಿನವನೊಬ್ಬ ತನ್ನವೆಂಬಂತೆ ತೋರಿಸುತ್ತಿದ್ದ. ಬಾಯಿ ಇರುವವಳು ಎಂದುಕೊಂಡಿದ್ದ ನಾನು ಅಲ್ಲಿ ಮಾತ್ರ ಸುಮ್ಮನೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಕೆಲಸ ಹೋದರೆ ವೀಸಾ ಹೋಗುತ್ತದೆಂಬ ಹೆದರಿಕೆ. ಮೂರನೆಯ ಸಲ ಆಂಟಿ ಕೇಳಿದ ಮೇಲೆ ನಾನೇ ಎದ್ದು ತೋರಿಸಿದೆ. ಆಕಾಶವೇನೂ ಬೀಳಲಿಲ್ಲ.

ಕೊರೊನಾಕ್ಕೆ ಮುಚ್ಚಿದ್ದ ದೇಶದ ಗಡಿಗಳಿನ್ನೂ ಪೂರ್ತಿ ತೆರೆದಿರದಿದ್ದಾಗ, ಒಂದು ಶನಿವಾರ ಬೆಳಿಗ್ಗೆ, ಅಂಕಲ್ ಫೋನ್ ಮಾಡಿದರು. ಹಿಂದಿನ ದಿನ ಆಂಟಿ ಹೋಗಿಬಿಟ್ಟಿದ್ದರು. ಕೊರೊನಾ ಅಲ್ಲ, ಹೃದಯ. ಮನೆಯಲ್ಲಿ ಓಡಾಡುತ್ತಿದ್ದವರು ಹಾಗೆಯೇ ಕುಸಿದರಂತೆ. ಹೇಳಬೇಕಾದ್ದನ್ನು ಹೇಳಿದ ಮೇಲೂ ಅವರು ಫೋನ್ ಇಡಲಿಲ್ಲ.

“ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಮ್ಮ. ಹೊರಡೋ ಮುಂಚೆ ಒಂದು ಭಾನುವಾರ ನೀವಿಬ್ರೂ ಹೋಗಿದ್ರಲ್ಲ. ಬೇಳೆ ತರ್ತೀನಿ ಅಂತ ಹೋದೋಳು ಬರಿಗೈಲಿ ಬಂದ್ಲು. ನಾನು ಕೇಳ್ಲಿಲ್ಲ. ಎಲ್ಲಿಗೆ ಹೋಗಿದ್ರಿ?”

ಮುಚ್ಚಿಡುವುದು ನನಗೆ ಬರುವುದಿಲ್ಲ. ಎಲ್ಲ ಹೇಳಿದೆ, ಕ್ಯಾಸಿನೋ, ಐದೂ ಆಟೀನು, ಎತ್ತಿಟ್ಟ ಎಲೆ. ಅವರು ನಡುವೆ ಒಂದು ಸಲ ನಕ್ಕರು. ಬೋರ್ಡಿಗೆಂದು ಕೊಟ್ಟ ಹೆಸರನ್ನೂ ಹೇಳಿದೆ.

“ಹೊಸ ಹೆಸರು ನಮ್ಮಮ್ಮ ಆರಿಸಿದ್ರು,” ಅಂದರು. “ಅಕ್ಕಿ ಮೇಲೆ ಬರ್ದಿದ್ದು ನಾನು. ಅವಳಿಗೆ ಇಷ್ಟ ಇತ್ತಾ ಅಂತ ಕೇಳೇ ಇಲ್ಲ ನೋಡು.”

ನನಗೆ ಹೋಗಲಾಗಲಿಲ್ಲ. ವೈಕುಂಠ ಸಮಾರಾಧನೆಗೆ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನ ಫೋಟೋವನ್ನು ಅಂಕಲ್ ಫೋನಿಗೆ ಕಳಿಸಿದರು. ಆಂಟಿಯ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿದ್ದದ್ದು ಆ ಹಳೆಯ ಹೆಸರು. ಮದುವೆಯ ಹೆಸರು ಅದರ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಬಂಧುಗಳಲ್ಲಿ ಕೆಲವರು ಇದು ಯಾರದೆಂದು ಫೋನ್ ಮಾಡಿ ಕೇಳಿದರಂತೆ, ಅಂಕಲ್ ಒಬ್ಬೊಬ್ಬರಿಗೂ ಹೇಳಿದರಂತೆ.

ಆ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಬರೆಯಬೇಕಾದವರು ಬರೆದಿದ್ದಾರೆ.