ಗಿರಗಿಟ್ಲೆಯ ಗುರುವಾರ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಕರೆಯುವುದು ಗಿರಗಿಟ್ಲೆ ಎಂದು. ಹುಟ್ಟಿದಾಗ ಇಟ್ಟ ಹೆಸರು ಈಗ ಅವಳಿಗೇ ನೆನಪಿದೆಯೋ ಇಲ್ಲವೋ. ಒಂದು ಕಡೆ ನಿಂತವಳಲ್ಲ, ಕೂತವಳಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತರೂ ಅರ್ಧ ಸ್ಟೂಲಿನ ಮೇಲೆ, ಅರ್ಧ ಗಾಳಿಯಲ್ಲಿ. ಒಂದು ತೋಳು ಹೊಲಿಯುವಷ್ಟರಲ್ಲಿ ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದು, ಇಸ್ತ್ರಿಪೆಟ್ಟಿಗೆಯ ಬಿಸಿ ಮುಟ್ಟಿ ನೋಡಿ, ನನ್ನನ್ನು ಒಂದು ಮಾತು ಬೈದು, ಮತ್ತೆ ಬಂದು ಎರಡನೇ ತೋಳಿಗೆ ಕೈ ಹಾಕುತ್ತಾಳೆ.

ನಾವಿಬ್ಬರೂ ಗಂಡನನ್ನು ಕಳೆದುಕೊಂಡವರು. ಮಹಡಿಯ ಮೇಲೆ ಮನೆ, ಕೆಳಗೆ ಅವಳ ಹೊಲಿಗೆ ಅಂಗಡಿ. ಅಂಗಡಿಯೆಂದರೆ ಮೆಟ್ಟಿಲ ಪಕ್ಕದ ಒಂದು ಉದ್ದನೆಯ ಕೋಣೆ. ಬಟ್ಟೆ ಕತ್ತರಿಸುವ ಮೇಜು, ಎರಡು ಮಿಷನ್ನು, ಮೂಲೆ ಒಡೆದ ಕನ್ನಡಿ, ಬಂದವರು ಕೂರಲು ಒಂದು ಬೆಂಚು. ಹಿಂದಿನ ಗೋಡೆಗೆ ಬಾಗಿಲಿಲ್ಲದ ಕಪಾಟು. ಅದರ ತುಂಬ ಗಿರಾಕಿಗಳು ಕೊಟ್ಟುಹೋದ ಬಟ್ಟೆ, ಗಂಟು ಗಂಟು.

ಅವಳ ವಾರದಲ್ಲಿ ಒಂದೇ ದಿನ, ಗುರುವಾರ. ಯಾರು ಯಾವಾಗ ಕೇಳಿದರೂ ಅದೇ ಉತ್ತರ.

"ಯಾವಾಗ ಕೊಡ್ತೀಯೇ?"

"ಗುರುವಾರ ಬಾ."

ಗುರುವಾರ ಹೋದವರಿಗೆ ಬಟ್ಟೆ ಸಿಗುತ್ತಿರಲಿಲ್ಲ, ಮಾತು ಸಿಗುತ್ತಿತ್ತು. "ಗುಂಡಿ ಒಂದು ಬಾಕಿ ಕಣೋ, ನಿನ್ನ ಬಣ್ಣಕ್ಕೆ ಸರಿಹೊಂದೋ ಗುಂಡಿ ಈ ಊರಲ್ಲಿದ್ರೆ ತಾನೆ! ಕೂತ್ಕೋ, ನಿನ್ನ ತಂಗಿ ಹೇಗಿದಾಳೆ?" ಅವರು ತಂಗಿಯ ಕತೆ ಶುರು ಮಾಡಿದರೆ ಇವಳು ಮುಗಿಸುತ್ತಿದ್ದಳು. ಯಾರನ್ನೂ ಒಂದು ವಾಕ್ಯ ಪೂರ್ತಿ ಆಡಲು ಬಿಟ್ಟವಳಲ್ಲ. ಬೀದಿಯವರಿಗೂ ಅಭ್ಯಾಸವಾಗಿತ್ತು. ಗುರುವಾರ ಎಂದರೆ ಮುಂದಿನ ವಾರ ಹೋದರೆ ಸಾಕು ಎಂದು ಅವರೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವಳು ಒಂದೇ ಸುಳ್ಳು ಹೇಳಿ ಸಾವಿರ ಬಟ್ಟೆ ಹೊಲಿದಳು.

ಇಂಥವಳ ಗಂಟಲಿನಲ್ಲಿ ಗಂಟು ಬೆಳೆಯಿತು. ಕೆಟ್ಟದ್ದೇನಲ್ಲ, ಮಾತಾಡಿ ಮಾತಾಡಿ ಬಂದದ್ದು ಎಂದರು ಡಾಕ್ಟರು. ತೆಗೆದರು. ತೆಗೆದ ಮೇಲೆ ಹೇಳಿದರು: "ನಾನು ಹೇಳೋವರೆಗೂ ಒಂದು ಮಾತೂ ಆಡಬಾರದು. ಪಿಸುಮಾತೂ ಬೇಡ. ಆಡಿದ್ರೆ ಇರೋ ದನಿಯೂ ಹೋಗುತ್ತೆ."

ಗಿರಗಿಟ್ಲೆ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಎರಡನೇ ಸಲ. ಮೊದಲನೆಯದು ಗಂಡ ಹೋದಾಗ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತಿದೆ. ಬಾಯಿ ಮುಚ್ಚಿಕೊಂಡು ಅಂಗಡಿ ನಡೆಸುವುದು ಹೇಗೆ? ಬೀದಿಯ ತಿರುವಿನಲ್ಲಿ ಹೊಸದಾಗಿ ಗಾಜಿನ ಬಾಗಿಲಿನ ಹೊಲಿಗೆ ಅಂಗಡಿ ತೆರೆದಿದ್ದರು. ಒಂದು ತಿಂಗಳು ಇವಳು ಬಾಗಿಲು ಹಾಕಿದರೆ ಗಿರಾಕಿಗಳು ಆ ಕಡೆ ಹೋಗುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಮಿಷನ್ನು ತುಳಿಯಲು ಕಾಲಿದೆ, ಆದರೆ ಆ ಅಂಗಡಿ ನಡೆಯುತ್ತಿದ್ದದ್ದು ಕಾಲಿನಿಂದ ಅಲ್ಲವಲ್ಲ.

ಆಗ ಅವಳ ಮಗಳು ಒಂದು ಯಂತ್ರ ತಂದಳು. ಮಗಳು ಸಾಮಾನು ಸಾಗಿಸುವ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ತಾಯಿ ಆಡಿದ್ದನ್ನೆಲ್ಲ ಕೇಳಿ ಕೇಳಿ ತಾನು ಮಾತು ಕಡಿಮೆ ಮಾಡಿಕೊಂಡ ಹುಡುಗಿ.

"ಇದು ಎಐ ಅತ್ತೆ," ಎಂದಳು ನನಗೆ. "ನಮ್ಮ ಕಚೇರೀಲೂ ಇದೆ. ಫೋನ್ ಬಂದ್ರೆ ಇದೇ ಎತ್ತುತ್ತೆ. ಯಾವ ಬಟ್ಟೆ ಬಂತು, ಯಾವುದು ಕತ್ತರಿಸಿ ಆಯ್ತು, ಅಮ್ಮ ದಿನಕ್ಕೆ ಎಷ್ಟು ಹೊಲೀತಾಳೆ, ಎಲ್ಲ ನೋಡ್ಕೊಂಡು ಯಾವತ್ತು ಬನ್ನಿ ಅಂತ ಇದೇ ಹೇಳುತ್ತೆ. ಅಮ್ಮ ಒಂದೊಂದು ಬಟ್ಟೆ ಕತ್ತರಿಸಿದಾಗ್ಲೂ ನೀನು ಈ ಹಸಿರು ಗುರುತು ಒತ್ತು, ಅಷ್ಟು ಸಾಕು."

ನನಗೆ ಓದು ಅಷ್ಟಕ್ಕಷ್ಟೆ. ಹಸಿರು ಗುರುತು ಒತ್ತಲು ಓದೇಕೆ, ಒತ್ತುತ್ತೇನೆ ಎಂದೆ.

"ದನಿ ಯಾರದು?" ಎಂದು ಕೇಳಿದೆ.

ಮಗಳು ತಾಯಿಯ ಕಡೆ ನೋಡಿದಳು. "ಅಮ್ಮಂದೇ. ಅಮ್ಮ ನನಗೆ ಕಳಿಸಿದ ಮಾತಿನ ಮೆಸೇಜು ಒಂದು ಮೂಟೆ ಇವೆಯಲ್ಲ. 'ಊಟ ಮಾಡಿದ್ಯಾ, ಕೊಡೆ ತಗೊಂಡ್ಯಾ' ಅಂತ. ಅದನ್ನ ಕೊಟ್ಟೆ, ಕಲೀತು. ಅಮ್ಮನ್ನ ಮೊದಲೇ ಕೇಳಿದೀನಿ, ತಲೆಯಾಡಿಸಿ ಒಪ್ಪಿದಾಳೆ."

ಮೊದಲ ಫೋನು ಬಂದಾಗ ಗಿರಗಿಟ್ಲೆ ಮೇಜಿನ ಮೇಲೆ ಬಗ್ಗಿದ್ದಳು. ಫೋನು ತಾನಾಗಿಯೇ ಮಾತಾಡಿತು, ಕೋಣೆಗೆಲ್ಲ ಕೇಳುವ ಹಾಗೆ. ಅವಳದೇ ದನಿ. ಅದೇ ಮೂಗಿನಿಂದ ಬರುವ ರಾಗ. ಅವಳು ನೆಟ್ಟಗಾದಳು. ಅಳತೆ ಟೇಪು ಕೈಯಿಂದ ಜಾರಿತು. ಒಂದು ಕೈ ತಾನಾಗಿಯೇ ಗಂಟಲಿಗೆ ಹೋಯಿತು, ದನಿ ಅಲ್ಲಿ ಇದೆಯೋ ಇಲ್ಲವೋ ನೋಡುವವರ ಹಾಗೆ.

"ನಮಸ್ಕಾರ, ಇದು ಅಂಗಡಿಯ ಯಂತ್ರ ಮಾತಾಡ್ತಿರೋದು," ಎಂದು ಅದು ಶುರುಮಾಡಿತ್ತು. ಆದರೆ ಆ ಫೋನಿಗೆ ಕರೆ ಮಾಡುವವರು ಯಾರೂ ಮೊದಲ ಮಾತು ಕೇಳುವುದಿಲ್ಲ. ಗಿರಗಿಟ್ಲೆ ಬಾಯಿ ಹಾಕುವ ಮೊದಲು ತಾವು ಹೇಳಿ ಮುಗಿಸಬೇಕೆಂದು ಒಂದೇ ಉಸಿರಿಗೆ ಒದರುವವರೇ ಎಲ್ಲ. ಬೇಕರಿಯಾಕೆಯೂ ಹಾಗೇ ಒದರಿದಳು: ಮೊಮ್ಮಗಳ ಫ್ರಾಕು, ಉದ್ದ ಬೇಡ, ಹಳದಿ ಅಂಚು ಬೇಡ, ಯಾವಾಗ?

ಯಂತ್ರ ಪೂರ್ತಿ ಕೇಳಿಸಿಕೊಂಡಿತು. ಆಮೇಲೆ, "ಇನ್ನೇನಾದ್ರೂ ಹೇಳೋದಿದೆಯಾ? ನಿಧಾನಕ್ಕೆ ಹೇಳಿ, ಕೇಳ್ತಿದೀನಿ," ಎಂದಿತು.

"ಇ... ಇಲ್ಲ ಕಣೇ," ಎಂದಳು ಬೇಕರಿಯಾಕೆ.

"ಫ್ರಾಕಿಗೆ ಎರಡು ವಾರ ಬೇಕಾಗುತ್ತೆ. ಅದಕ್ಕೆ ಮುಂಚೆ ಆಗೋದಿಲ್ಲ. ತಡ ಆಗ್ತಿರೋದಕ್ಕೆ ಕ್ಷಮಿಸಿ."

ಬೇಕರಿಯಾಕೆ ಥಟ್ಟನೆ ಫೋನಿಟ್ಟಳು.

ಗಿರಗಿಟ್ಲೆ ಕತ್ತರಿಯಿಂದ ಮೇಜನ್ನು ಬಡಿದಳು. ಒಂದು ಸಲವಲ್ಲ. ಏನು ಹೇಳಬೇಕೆಂದಿದ್ದಳೋ ನನಗೆ ತಿಳಿಯಲಿಲ್ಲ. "ನೀರು ಬೇಕೇನೇ?" ಎಂದೆ. ಇನ್ನೂ ಜೋರಾಗಿ ಬಡಿದಳು.

ಅವತ್ತಿನಿಂದ ಅವಳು ಅಂಗಡಿಯಲ್ಲಿ ನಡೆದದ್ದೇ ನಡೆದದ್ದು. ಕನ್ನಡಿಯಿಂದ ಬಾಗಿಲಿಗೆ, ಬಾಗಿಲಿನಿಂದ ಫೋನಿಗೆ. ಫೋನು ಬಡಿದುಕೊಂಡರೆ ಕೈ ಮುಂದೆ ಹೋಗುತ್ತಿತ್ತು, ಅಷ್ಟರಲ್ಲಿ ಅವಳ ದನಿ ಅವಳನ್ನು ಬಿಟ್ಟು ಮಾತಾಡಲು ಶುರುಮಾಡುತ್ತಿತ್ತು. ಎಲ್ಲರಿಗೂ ನಿಜ, ಎಲ್ಲರಿಗೂ ಕ್ಷಮಿಸಿ. ಎದುರಿಗೇ ಓಡಾಡುತ್ತಿರುವವಳ ದನಿ ಬೇರೆಲ್ಲಿಂದಲೋ ಬಂದರೆ ಮನಸ್ಸು ಹೇಗೆ ಒಂದು ಕಡೆ ನಿಲ್ಲಬೇಕು?

ಮುಂದಿನ ವಾರ ಔಷಧಿ ಅಂಗಡಿಯ ಯಜಮಾನರು ಬಂದರು. ಕೋಟಿಗೆ ಬಟ್ಟೆ ಕೊಟ್ಟಿದ್ದವರು. ಒಳಗೆ ಬರಲಿಲ್ಲ, ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

"ಅಮ್ಮಾ, ನನ್ನ ಹತ್ರ ಮುಚ್ಚಿಡಬೇಡಿ. ನಾನು ಔಷಧಿ ಮಾರೋನು. ಅವರಿಗೆ ಬಹಳ ಜಾಸ್ತಿಯಾ?"

"ಏನು ಜಾಸ್ತಿ?"

"ನಿನ್ನೆ ಫೋನ್ ಮಾಡಿದ್ದೆ. ಗುರುವಾರ ಅನ್ನಲಿಲ್ಲ." ಅವರು ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಎರಡು ವಾರ ಅಂದ್ರು. ನಾನು ಹೇಳಿದ್ದೆಲ್ಲ ಸುಮ್ಮನೆ ಕೇಳ್ಕೊಂಡ್ರು. ಆಮೇಲೆ ಕ್ಷಮೆ ಕೇಳಿದ್ರು, ಅಮ್ಮಾ! ಇಷ್ಟು ವರ್ಷದಲ್ಲಿ ಆಕೆ ಯಾರ ಕ್ಷಮೆ ಕೇಳಿದಾಳೆ? ಹೊರಡೋ ಮುಂದೆ ಮನುಷ್ಯರು ನಿಜ ಹೇಳ್ತಾರಂತೆ."

ನನಗೆ ನಗು ಬಂತು, ತಡೆದುಕೊಂಡೆ. "ಅಯ್ಯೋ, ಅದು ಅವಳಲ್ಲ. ಯಂತ್ರ ಅದು. ಮಗಳು ಇಟ್ಟಿದಾಳೆ."

ಅವರು ತಲೆಯಾಡಿಸಿದರು. ರೋಗಿಯ ಮನೆಯವರು ಏನೇನೋ ಹೇಳುತ್ತಾರೆ ಪಾಪ, ಎಂಬ ಹಾಗೆ.

ಊರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಗಿರಗಿಟ್ಲೆ ನಿಜ ಹೇಳುತ್ತಿದ್ದಾಳಂತೆ ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ದೊಡ್ಡದಾಗಿ ತಿರುಗಿ ಬಂತು. ಬೇಕರಿಯಾಕೆ ಬನ್ನು ತಂದಳು. ಬೆಂಚಿನ ಮೇಲೆ ಕೂತು ಗಿರಗಿಟ್ಲೆಯ ಕೈ ಸವರಿದಳು. ಹೊರಡುವಾಗ ಮೆಲ್ಲಗೆ ಅಂದಳು: "ನಿನಗೆ ಯಾಕೆ ಸುಮ್ಮನೆ ತೊಂದರೆ. ಆ ಫ್ರಾಕಿನ ಬಟ್ಟೆ ಕೊಟ್ಟುಬಿಡು. ತಿರುವಿನಲ್ಲಿ ಹೊಲಿಸ್ಕೋತೀನಿ. ನೀನು ವಿಶ್ರಾಂತಿ ತಗೋ, ನಮ್ಮವ್ವ."

ಬಟ್ಟೆ ಕೊಡದೆ ಇರಲು ಆಗುತ್ತದೆಯೇ? ಕೊಟ್ಟಳು. ಮರುದಿನ ಮೇಷ್ಟ್ರು ಬಂದು ಪ್ಯಾಂಟಿನ ಬಟ್ಟೆ ಒಯ್ದರು. ಎದುರು ಮನೆಯವರು ಪರದೆಯ ಬಟ್ಟೆ ಒಯ್ದರು. ಬಂದವರೆಲ್ಲ ಪ್ರೀತಿಯಿಂದಲೇ ಬಂದರು, ಬನ್ನು ಹಣ್ಣು ತಂದರು, ಪ್ರೀತಿಯಿಂದಲೇ ಅಂಗಡಿ ಬರಿದು ಮಾಡಿದರು. ಕಪಾಟಿನ ಹಿಂದಿನ ಗೋಡೆ ಕಾಣಿಸತೊಡಗಿತು. ಅಲ್ಲಿ ಒಂದು ಬಿರುಕಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಸಂಜೆ ಮಗಳ ಮೇಲೆ ನಾನೇ ರೇಗಿದೆ. "ಆ ನಿನ್ನ ಯಂತ್ರಕ್ಕೆ ಗುರುವಾರ ಅನ್ನೋಕೆ ಹೇಳಿಕೊಡೇ ತಾಯಿ!"

"ಅತ್ತೆ, ಗುರುವಾರ ಆಗಲ್ಲ ಅಂತ ಅದಕ್ಕೆ ಗೊತ್ತು. ಗೊತ್ತಿದ್ದೂ ಹೇಳು ಅಂತ ಹೇಗೆ ಹೇಳಲಿ?"

"ನಿಮ್ಮಮ್ಮನಿಗೂ ಗೊತ್ತಿತ್ತು!"

"ಅಮ್ಮ ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ, ಸರಿಹೋಗ್ತಿತ್ತು. ಇದು ಹೇಳಿದ್ರೆ ನಂಬ್ತಾರೆ. ನಂಬಿ ಗುರುವಾರ ಬಂದು ನಿಂತ್ರೆ?"

ಗಿರಗಿಟ್ಲೆ ನಮ್ಮಿಬ್ಬರ ನಡುವೆ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದಳು. ಬಾಯಿ ತೆರೆದಳು. ಮಗಳು ಓಡಿಹೋಗಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಅಮ್ಮಾ, ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಮರುದಿನ ಔಷಧಿ ಅಂಗಡಿಯವರು ಮತ್ತೆ ಬಂದರು. ತಲೆ ತಗ್ಗಿಸಿಕೊಂಡು ಕೋಟಿನ ಬಟ್ಟೆ ಕೇಳಿದರು. ಬೂದು ಬಣ್ಣದ ಒಳ್ಳೆಯ ಬಟ್ಟೆ. ಗಿರಗಿಟ್ಲೆ ಅದನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಹರವಿದಳು. ಅವರು ಒಂದು ತುದಿ ಹಿಡಿದು ಮಡಿಸಲು ಹೊರಟರು. ಇವಳು ಇನ್ನೊಂದು ತುದಿ ಬಿಡಲಿಲ್ಲ. ಅವರು ಮೆಲ್ಲಗೆ ಎಳೆದರು. ಇವಳೂ ಎಳೆದಳು.

"ಅಮ್ಮಾ, ನಿಮ್ಮ ಆರೋಗ್ಯ..." ಎನ್ನುತ್ತಿದ್ದರು ಅವರು.

ಇವಳು ಸೀಮೆಸುಣ್ಣ ತೆಗೆದಳು. ಅಳತೆ ಟೇಪನ್ನು ಮುಟ್ಟಲಿಲ್ಲ. ಅವರ ಕೋಟಿನ ಅಳತೆ ಅವರಿಗಿಂತ ಇವಳಿಗೆ ಚೆನ್ನಾಗಿ ಗೊತ್ತು. ಮೂರು ಗೆರೆ ಎಳೆದು ದೊಡ್ಡ ಕತ್ತರಿ ಹಾಕಿಯೇ ಬಿಟ್ಟಳು. ಕರ್ರ್ ಎಂದು ಬಟ್ಟೆ ಸೀಳಿತು. ಯಜಮಾನರು ಕೈ ಬಿಟ್ಟು ಹಿಂದೆ ಸರಿದರು.

ನಮ್ಮ ಅಂಗಡಿಯಲ್ಲಿ ಮಾತ್ರವಲ್ಲ, ಯಾವ ಹೊಲಿಗೆಯವರಲ್ಲೂ ಒಂದೇ ರೂಢಿ. ಕತ್ತರಿ ಬೀಳುವವರೆಗೆ ಬಟ್ಟೆ ಗಿರಾಕಿಯದು. ಬಿದ್ದ ಮೇಲೆ ಹೊಲಿದು ಮುಗಿಯುವ ತನಕ ಹೊಲಿಯುವವರದು. ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

ಆಮೇಲೆ ಅವಳು ನಿಲ್ಲಲೇ ಇಲ್ಲ. ಕಪಾಟಿನಲ್ಲಿ ಉಳಿದದ್ದನ್ನೆಲ್ಲ ಇಳಿಸಿದಳು. ಅಂಗಿ, ಲಂಗ, ದಿಂಬಿನ ಚೀಲ, ದಾದಿಯರ ಬಿಳಿ ಕೋಟು. ಗೆರೆ ಎಳೆಯುವುದು, ಕತ್ತರಿಸುವುದು, ಸುತ್ತಿ ಬದಿಗಿಡುವುದು. ನಾನು ಪಕ್ಕದಲ್ಲಿ ಕೂತು ಒಂದೊಂದಕ್ಕೂ ಹಸಿರು ಗುರುತು ಒತ್ತುತ್ತ ಹೋದೆ. ನಾನು ಒತ್ತಿದ ಹಾಗೆಲ್ಲ ಯಂತ್ರ ಆಯಾ ಗಿರಾಕಿಗೆ ಅವಳ ದನಿಯಲ್ಲಿ ಸುದ್ದಿ ಕಳಿಸಿತು: "ನಿಮ್ಮ ಬಟ್ಟೆಗೆ ಕತ್ತರಿ ಹಾಕಿ ಆಯ್ತು. ಇಂಥ ದಿನ ಬನ್ನಿ."

ಬೀದಿಯಲ್ಲಿ ಒಂದು ಗಲಾಟೆಯೇ ಎದ್ದಿತು. "ಸಾಯೋಳು ಇಷ್ಟು ಬಟ್ಟೆ ಕತ್ತರಿಸ್ತಾಳಾ?" ಎಂದು ಒಬ್ಬರು. "ಹೋಗೋ ಮುಂಚೆ ನಮ್ಮದನ್ನೂ ಕೆಡಿಸಿ ಹೋಗ್ತಾಳೇನೋ," ಎಂದು ಇನ್ನೊಬ್ಬರು. ಬಾಗಿಲಲ್ಲಿ ಬಂದು ಇಣುಕಿದವರಿಗೆಲ್ಲ ಗಿರಗಿಟ್ಲೆ ಕತ್ತರಿ ಎತ್ತಿ ತೋರಿಸಿದಳು. ಸಂಜೆ ಮಗಳು ಬಂದು ಮೇಜು ನೋಡಿದಳು, ಯಂತ್ರ ನೋಡಿದಳು. "ಅಮ್ಮಾ, ಇದಿಷ್ಟೂ ಈಗ ಅದು ಹೇಳಿದ ದಿನಕ್ಕೇ ಕೊಡಬೇಕು, ಗೊತ್ತಾ?" ಎಂದಳು. ನೀರಿಗೆ ಬಿದ್ದ ಮೇಲೆ ಚಳಿಯೇನು, ಮಳೆಯೇನು. ಗಿರಗಿಟ್ಲೆ ಆಗಲೇ ಮಿಷನ್ನಿನ ಮುಂದೆ ಕೂತಾಗಿತ್ತು. ಆ ಸಲ ಪೂರ್ತಿ ಸ್ಟೂಲಿನ ಮೇಲೆ.

ಹೇಳಿದ ದಿನಕ್ಕೇ ಕೊಟ್ಟಳು. ಆದರೆ ತೆಗೆದುಕೊಳ್ಳುವವರು ಬರಬೇಕಲ್ಲ! ಹಳೆಯ ಅಭ್ಯಾಸ, ಯಂತ್ರ ಹೇಳಿದ ದಿನದ ಮೇಲೂ ಒಂದು ವಾರ ಸೇರಿಸಿಕೊಂಡೇ ಬಂದರು. ಹೊಲಿದ ಬಟ್ಟೆ ಮೊಳೆಗಳಲ್ಲಿ, ಕನ್ನಡಿಯ ಮೇಲೆ, ಬೆಂಚಿನ ಮೇಲೆ ತುಂಬಿಹೋಯಿತು. ಕೋಟು ಮೈಗೆ ಸರಿಯಾಗಿ ಕೂತದ್ದನ್ನು ನೋಡಿ ಔಷಧಿ ಅಂಗಡಿಯವರು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡರು. "ತಪ್ಪು ತಿಳ್ಕೊಬೇಡಿ," ಎಂದರು. ಮೇಷ್ಟ್ರು ಹೊಸ ಬಟ್ಟೆ ತಂದರು. ಬೇಕರಿಯಾಕೆ ಮಾತ್ರ ಬರಲಿಲ್ಲ. ನಾಚಿಕೆಯೋ, ತಿರುವಿನ ಅಂಗಡಿ ಹಿಡಿಸಿತೋ.

ಕೊನೆಗೆ ಡಾಕ್ಟರು ಮಾತಾಡಿ ಎಂದರು. ಗಿರಗಿಟ್ಲೆ ಬಾಯಿ ತೆರೆದಳು. ಬಂದದ್ದು ಅವಳ ದನಿಯಲ್ಲ. ದಪ್ಪ, ಒಡಕು, ಒದ್ದೆ ಕಟ್ಟಿಗೆ ಸೀಳಿದ ಹಾಗೆ. ಇದು ಹೀಗೇ ಇರಬಹುದು, ಸ್ವಲ್ಪ ಸರಿಹೋಗಲೂಬಹುದು ಎಂದರು ಡಾಕ್ಟರು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಆಡಬಾರದೆಂದು ಯಾರೂ ಹೇಳಿರಲಿಲ್ಲ.

ಅಂಗಡಿಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಯಂತ್ರ ಎತ್ತುವ ಮೊದಲು ಅವಳೇ ಎತ್ತಿದಳು. ಬೇಕರಿಯಾಕೆ.

"ಯಾರು ಮಾತಾಡೋದು? ಗಿರಗಿಟ್ಲೆಗೆ ಕೊಡಿ."

"ನಾನೇ ಕಣೇ."

"ಯಾರಪ್ಪಾ ನೀನು? ಹುಡುಗಾಟ ಆಡ್ತೀಯಾ? ಅವಳ ದನಿ ನನಗೆ ಗೊತ್ತಿಲ್ವಾ? ಮೊನ್ನೆ ಫೋನಲ್ಲಿ ಚೆನ್ನಾಗೇ ಮಾತಾಡಿದಾಳೆ, ಅವಳಿಗೆ ಕೊಡು."

ಗಿರಗಿಟ್ಲೆ ಫೋನನ್ನು ಕಿವಿಯಿಂದ ದೂರ ಹಿಡಿದು ನಮ್ಮ ಕಡೆ ನೋಡಿದಳು. ಮಗಳು ಎದ್ದು ನಿಂತಳು. ಈಗ ಇವಳು ಫೋನನ್ನು ಯಂತ್ರಕ್ಕೆ ಬಿಟ್ಟರೆ ಮತ್ತೆ ಯಾವತ್ತೂ ಎತ್ತುವುದಿಲ್ಲ ಎನಿಸಿತು ನನಗೆ. ಅವಳು ಎರಡು ಹೆಜ್ಜೆ ಅತ್ತ ಹೋದಳು, ಇತ್ತ ಬಂದಳು.

"ತಿರುವಿನವರು ಫ್ರಾಕು ಬಿಗಿ ಮಾಡಿದಾರೆ, ಅದಕ್ಕೆ ತಾನೆ ಫೋನ್ ಮಾಡಿದ್ದು?" ಎಂದಳು ಆ ಒಡಕು ದನಿಯಲ್ಲಿ. "ತಗೊಂಡು ಬಾ, ಬಿಚ್ಚಿ ಸರಿಮಾಡ್ತೀನಿ. ಗುರುವಾರ ಕೊಡ್ತೀನಿ."

ಆ ಕಡೆಯಿಂದ ನಗು, ಫೋನಿನಿಂದ ಹೊರಗೆ ಚೆಲ್ಲುವಷ್ಟು.

"ಅಯ್ಯೋ, ನೀನೇನಾ! ಬದುಕಿದೀಯಾ! ಸರಿ ಬಿಡು, ಅದರ ಮುಂದಿನ ವಾರ ಬರ್ತೀನಿ."

ಗುರುವಾರ ಬೆಳಗ್ಗೆಯೇ ಫ್ರಾಕು ಸರಿಯಾಗಿ, ಇಸ್ತ್ರಿಯಾಗಿ, ಬಾಗಿಲ ಪಕ್ಕದ ಮೊಳೆಗೆ ನೇತುಬಿತ್ತು. ಯಾರೂ ಬರಲಿಲ್ಲ. ಗಿರಗಿಟ್ಲೆ ಮಾತ್ರ ಸಂಜೆಯವರೆಗೆ ಬಾಗಿಲಿಗೆ ಹೋಗಿ ಬೀದಿ ನೋಡಿ ಬರುತ್ತಲೇ ಇದ್ದಳು. "ನೋಡಿದ್ಯಾ ಅತ್ತಿಗೆ," ಎಂದು ನನ್ನನ್ನೇ ಬೈದಳು, "ಹೇಳಿದ ದಿನ ಬರೋ ಬುದ್ಧಿ ಈ ಜನಕ್ಕೆ ಯಾವತ್ತಿಗೆ ಬರುತ್ತೋ!"